ಎಲ್ಲಾ ಸೊಲ್ಲಾಪುರದ ಮ್ಯಾಲಿಂದ

ಬೆಂಗಳೂರು, ಮೈಸೂರು ಕಡೆಯ ಗೆಳೆಯರು ನಾಲ್ಕು ಜನ ಕೂಡಿದರೆ ಸಾಕು, ತಾವು ಕಂಡ ಇತಿಹಾಸ ಬಿಚ್ಚಿಡುತ್ತಾರೆ. ಒಬ್ಬರು ತುರ್ತು ಪರಿಸ್ಥಿತಿಯಲ್ಲಿ ಕರಪತ್ರ ಹಂಚಿದವರು, ಇನ್ನೊಬ್ಬರು ಗೋಕಾಕ್ ಚಳವಳಿಯಲ್ಲಿ ರಾಜಕುಮಾರರ ವೇದಿಕೆಯ ಗಳ ಹಿಡಿದು ನಿಂತವರು. ನನ್ನ ಸರದಿ ಬಂದಾಗ ನಾನು ಕೆಮ್ಮುತ್ತೇನೆ. ಸಿಮೆಂಟಿನ ಊರಿನಲ್ಲಿ ನೌಕರಿ ಮುಗಿಸಿದವನ ಕೆಮ್ಮಿಗೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ.

ನನ್ನದು ಆದಿತ್ಯನಗರ. ಸೇಡಂ ತಾಲ್ಲೂಕು, ಮಳಖೇಡ ರೋಡ್ ಸ್ಟೇಶನ್ನಿನ ಮಗ್ಗಲಿಗೆ. ಮಳಖೇಡ ಅಂದಕೂಡಲೆ ಓದಿದವರೆಲ್ಲ ಎದ್ದು ಕೂಡುತ್ತಾರೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ, ಕವಿರಾಜಮಾರ್ಗ. ಕನ್ನಡಕ್ಕೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಹುಟ್ಟಿದ ಕಾಗಿಣಾ ದಂಡೆಯ ಮಣ್ಣು ಇದು. ಆದರೆ ಅದೆಲ್ಲ ಒಂಬತ್ತನೆಯ ಶತಮಾನದ ಮಾತು. ಆಮೇಲೆ ಏನಾಯಿತೋ, ನಮ್ಮ ಕಡೆ ಇತಿಹಾಸ ಒಮ್ಮೆ ರೈಲು ತಪ್ಪಿಸಿಕೊಂಡಿತು. ಅಂದಿನಿಂದ ಎಲ್ಲವೂ ಮುಂದಿನ ಗಾಡಿಗೇ ಬರುವುದು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಾದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯವನ್ನೇ ನೋಡಿರಿ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಬಂದದ್ದು ನಮಗೆ 1948ರ ಸೆಪ್ಟೆಂಬರ್ 17ಕ್ಕೆ ಬಂತು. ಹದಿಮೂರು ತಿಂಗಳು ಲೇಟು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತಕ್ಕೆ ಸೇರಲು ಒಪ್ಪದೆ ಕೂತಿದ್ದರಿಂದ ಸೈನ್ಯವೇ ಬರಬೇಕಾಯಿತು. ಸೆಪ್ಟೆಂಬರ್ 13ಕ್ಕೆ ಹೊರಟ ಫೌಜು ಐದನೆಯ ದಿನಕ್ಕೆ ಕೆಲಸ ಮುಗಿಸಿತು. ನಮ್ಮ ಮುತ್ಯಾ ಆಗ ಹರೆಯದವನು. ಫೌಜು ರೈಲಿನಲ್ಲೇ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಮಳಖೇಡ ರೋಡ್ ಸ್ಟೇಶನ್ನಿನಲ್ಲಿ ಕಾದು ಕೂತಿದ್ದನಂತೆ. ಮುಖ್ಯ ಪಡೆ ಬಂದದ್ದು ಬೇರೆ ದಾರಿಯಲ್ಲಿ: ಸೊಲ್ಲಾಪುರದಿಂದ ನಳದುರ್ಗ, ಅಲ್ಲಿಂದ ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದಿಗೆ. ಮುತ್ಯಾನಿಗೆ ಒಬ್ಬ ಸಿಪಾಯಿಯೂ ಕಣ್ಣಿಗೆ ಬೀಳಲಿಲ್ಲ. "ನಮ್ಮ ಸ್ವಾತಂತ್ರ್ಯ ಸೊಲ್ಲಾಪುರದ ಮ್ಯಾಲಿಂದ ಬಂತಪ್ಪಾ, ನಾ ಬ್ಯಾರೆ ಸ್ಟೇಶನ್ನಿನಾಗ ಕುಂತಿದ್ದೆ" ಎಂದು ಸಾಯುವ ತನಕ ಹೇಳುತ್ತಿದ್ದ.

ಅದಕ್ಕೂ ಹಿಂದಿನ ರಜಾಕಾರರ ಹಾವಳಿ, ಅದರ ಬೆನ್ನಿಗೆ ಬಡ ಮುಸಲ್ಮಾನರ ಮೇಲೆ ಎರಗಿದ ಸೇಡು, ಈ ಎರಡನ್ನೂ ಮುತ್ಯಾ ಹೇಳಲು ಶುರು ಮಾಡಿ ನಡುವೆಯೇ ಎಲಿ ಅಡಿಕಿ ಚೀಲ ಹುಡುಕುತ್ತಿದ್ದ. ನಾವು ಮತ್ತೆ ಕೇಳುತ್ತಿರಲಿಲ್ಲ. ಅವನು ಬಾಯಿ ತುಂಬ ಹೇಳುತ್ತಿದ್ದುದು ರೊಕ್ಕದ ವಿಷಯ. ನಿಜಾಮನ ಕಾಲದ್ದು ಹಾಲಿ ಸಿಕ್ಕಾ, ಬ್ರಿಟಿಷರದ್ದು ಕಲ್ದಾರ. ಏಳು ಹಾಲಿ ರೂಪಾಯಿಗೆ ಹೆಚ್ಚುಕಡಿಮೆ ಆರು ಕಲ್ದಾರ ರೂಪಾಯಿ. ಹಾಲಿ ಸಿಕ್ಕಾ ಚಲಾವಣೆಯಿಂದ ಹೋಗುವಾಗ ಮುತ್ಯಾ ಏಳು ಕೊಟ್ಟು ಆರು ತಂದ. ಲೆಕ್ಕದಲ್ಲಿ ಅದು ನಷ್ಟವಲ್ಲ, ದರವೇ ಹಾಗಿತ್ತು. ಮುತ್ಯಾ ಒಪ್ಪಬೇಕಲ್ಲ! "ಬ್ಯಾರೆಯವರಿಗೆ ಸ್ವಾತಂತ್ರ್ಯ ಫುಕಟ್ ಸಿಕ್ತು, ನಾ ಏಳಕ್ಕೊಂದು ರೂಪಾಯಿ ಕೊಟ್ಟೀನಿ" ಎನ್ನುವುದು ಅವನ ವಾದ. ಊರಲ್ಲಿ ಇನ್ನೂ ಕೆಲವರದು ಇದೇ ತಕರಾರು ಇತ್ತು. ಅವರೆಲ್ಲ ಸೇರಿ ಕಟ್ಟೆಯ ಮೇಲೆ ಕೂತರೆ ಭಾರತ ಸರ್ಕಾರ ಅವರಿಗೆ ಬಾಕಿದಾರ.

ನಾನು ಕಂಡ ಇತಿಹಾಸಕ್ಕೆ ಬರುತ್ತೇನೆ, ಆದರೆ ದಾರಿಯಲ್ಲಿ ಚಿಂಚೋಳಿ ಬರುತ್ತದೆ, ಇಳಿಯದೆ ಹೋದರೆ ಅಲ್ಲಿಯವರು ಬಿಡುವುದಿಲ್ಲ. ವೀರೇಂದ್ರ ಪಾಟೀಲರು ಚಿಂಚೋಳಿಯವರು. 1968ರಲ್ಲಿ ಒಮ್ಮೆ ಮುಖ್ಯಮಂತ್ರಿಯಾದರು. 1989ರಲ್ಲಿ ಕಾಂಗ್ರೆಸ್ 224ರಲ್ಲಿ 178 ಸೀಟು ಗೆದ್ದಾಗ ಮತ್ತೊಮ್ಮೆ ಆದರು. ಒಂದು ವರ್ಷ ತುಂಬುವುದರೊಳಗೆ, 1990ರ ಅಕ್ಟೋಬರಿನಲ್ಲಿ, ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಿಂತು ನಾಯಕತ್ವದ ಬದಲಾವಣೆ ಹೇಳಿ ಹೋದರು. ಪಾಟೀಲರು ಹಾಸಿಗೆ ಹಿಡಿದಿದ್ದ ಕಾಲ. ಸುದ್ದಿ ಬಂದ ದಿನ ನಮ್ಮ ಸಿಮೆಂಟ್ ಕಾರ್ಖಾನೆಯ ಗೇಟಿನ ಎದುರಿನ ಚಹಾದಂಗಡಿಯವನು, ಚಿಂಚೋಳಿ ಕಡೆಯವನು, ಯಾರಿಗೂ ಉದ್ರಿ ಕೊಡಲಿಲ್ಲ. ಸೆಕೆಂಡ್ ಶಿಫ್ಟಿನವರೆಲ್ಲ ಅವತ್ತು ನಗದು ಕೊಟ್ಟೇ ಚಹಾ ಕುಡಿದರು. ಕರ್ನಾಟಕದ ರಾಜಕೀಯ ಆ ವಿಮಾನ ನಿಲ್ದಾಣದಿಂದ ಬೇರೆ ದಾರಿ ಹಿಡಿಯಿತು ಎಂದು ಪಂಡಿತರು ಬರೆದದ್ದನ್ನು ಆಮೇಲೆ ಓದಿದೆ. ನನಗೆ ಅಂದು ತಿಳಿದದ್ದು ಉದ್ರಿ ನಿಂತದ್ದು.

ಇನ್ನು ನನ್ನ ಪಾಲಿನದು: ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಪಾಲು ಕೊಡುವ ಸಂವಿಧಾನದ 371(ಜೆ) ಕಲಮು. ಗಡಿಯಾಚೆ ತಾಂಡೂರು ನಮಗೆ ಸೇಡಂ ದಾಟಿದರೆ ಸಿಗುವ ಊರು. ಅದೇ ರೈಲು ಹಳಿ, 1956ರ ತನಕ ಅದೇ ನಿಜಾಮನ ಹಳೆಯ ರಾಜ್ಯ. ಭಾಷೆಯ ಮೇಲೆ ರಾಜ್ಯ ಹಂಚಿದಾಗ ಅವರು ಆಂಧ್ರಕ್ಕೆ, ನಾವು ಮೈಸೂರಿಗೆ. ಅವರ ಕಡೆ 1973ರಲ್ಲೇ 371(ಡಿ) ತಿದ್ದುಪಡಿಯಾಗಿ ಸ್ಥಳೀಯರಿಗೆ ನೌಕರಿ, ಓದಿನಲ್ಲಿ ಪಾಲು ಸಿಕ್ಕಿತು. ನಾವು ಕೇಳುತ್ತಾ ಕೂತೆವು. ಚಿಂಚೋಳಿಯಿಂದ ಶಾಸಕರಾಗಿದ್ದ ವೈಜನಾಥ ಪಾಟೀಲರು ಇದೊಂದೇ ಮಂತ್ರ ಹಿಡಿದು ಊರೂರು ತಿರುಗಿದರು. ಕೊನೆಗೆ 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು. ಮಸೂದೆಯ ನಂಬರು 118, ಆದದ್ದು 98ನೆಯ ತಿದ್ದುಪಡಿ. ನಮ್ಮ ಕೆಲಸ ಆಗುವಾಗ ನಂಬರೂ ಸೀದಾ ಇರುವುದಿಲ್ಲ. ಆಗ ಕೇಂದ್ರದ ಗೃಹ ಸಚಿವರು ಯಾರು? ಸುಶೀಲಕುಮಾರ ಶಿಂಧೆ. ಯಾವ ಊರಿನವರು? ಸೊಲ್ಲಾಪುರದವರು! ಮುತ್ಯಾ ಇದ್ದಿದ್ದರೆ ತೊಡೆ ತಟ್ಟುತ್ತಿದ್ದ.

ಆ ಸುದ್ದಿ ನನಗೆ ಮನಸ್ಸಿಗಿಳಿದದ್ದು ಹೊಲದಲ್ಲಿ. ಜನವರಿಯಲ್ಲಿ ಎಳ್ಳಮಾಸಿ ಬಂತು. ನಮ್ಮ ಕಡೆ ಅವತ್ತು ಊರಿನಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲಕ್ಕೆ. ಜೋಳದ ಬೆಳೆಯೊಳಗೆ ಚರಗ ಚೆಲ್ಲಿ ಬಂದು ಬೇವಿನ ಗಿಡದ ಬುಡಕ್ಕೆ ಜಮಖಾನೆ ಹಾಸಿದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಂಬಲಿ, ಹತ್ತು ನಮೂನೆ ಸೊಪ್ಪು ಕಾಳು ಕೂಡಿಸಿ ಕುದಿಸಿದ ಭಜ್ಜಿ. ಶೇಂಗಾ ಹೋಳಿಗೆ ಸುತ್ತಿ ತಂದಿದ್ದ ಪೇಪರು ಬಿಚ್ಚಿದರೆ ಅದರ ಮೇಲೆಯೇ 371ರ ಸುದ್ದಿ. ನಾಯಕರೆಲ್ಲ ಒಬ್ಬರಿಗೊಬ್ಬರು ಸಿಹಿ ತಿನ್ನಿಸುವ ಫೋಟೋ. ಎಣ್ಣೆ ಇಳಿದು ಯಾರು ಯಾರಿಗೆ ತಿನ್ನಿಸುತ್ತಿದ್ದಾರೆ ಎಂಬುದು ಗೊತ್ತಾಗದಂತಾಗಿತ್ತು. ಕಾಕಾ ಕೇಳಿದ:

"ಮುನ್ನೂರಾ ಎಪ್ಪತ್ತೊಂದು ಬಂತಂತಲ್ಲೋ ತಮ್ಮಾ, ಎಕರೆಕೇನು?"

"ಎಕರೆಕಲ್ಲ ಕಾಕಾ, ಕಲಮು ಅದು. ಸಂವಿಧಾನದ್ದು."

"ಹಂಗಾದ್ರ ತೊಗರಿ ರೇಟಿಗಿ ಅದಕ್ಕ ಏನೂ ಸಂಬಂಧ ಇಲ್ಲನ್ನು."

"ಇಲ್ಲ. ನಿನ್ನ ಮೊಮ್ಮಗಗ ನೌಕರಿ ಸಿಗಬಹುದು."

"ಆಗಲಿ ಬಿಡು. ಭಜ್ಜಿ ಹಾಕ್ಕೋ."

ಸಂವಿಧಾನ ತಿದ್ದುಪಡಿಯ ಮೇಲೆ ನಮ್ಮ ಮನೆತನದಲ್ಲಿ ನಡೆದ ಚರ್ಚೆ ಇಷ್ಟೇ. ಸಂಸತ್ತಿನಲ್ಲಿ ಇದಕ್ಕಿಂತ ಉದ್ದ ನಡೆದಿರಬೇಕು.

ಹಕ್ಕು ಬಂದ ಮೇಲೆ ಹಕ್ಕಿನ ಕಾಗದ ಬರಬೇಕಷ್ಟೆ. 2013ರ ಕೊನೆಯ ಹೊತ್ತಿಗೆ ನಿಯಮಗಳಾದವು: ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು, ಇಲ್ಲಿಯ ಸರ್ಕಾರಿ ನೌಕರಿಯಲ್ಲಿ ವೃಂದಕ್ಕೆ ತಕ್ಕಂತೆ ಶೇ. 75ರಿಂದ 85 ನಮ್ಮವರಿಗೆ. ಸರಿ, ನಮ್ಮವರು ಅಂದರೆ ಯಾರು? ಇಲ್ಲಿ ಹುಟ್ಟಿದವರು, ಇಲ್ಲವೇ 2013ರ ಜನವರಿ 1ಕ್ಕೆ ಮುಂಚೆ ಕನಿಷ್ಠ 10 ವರ್ಷ ಇಲ್ಲಿ ವಾಸವಿದ್ದವರು. ಮಗಳು ಪಿಯುಸಿ ಮುಗಿಸುವುದರಲ್ಲಿದ್ದಳು. ಅವಳ ಅರ್ಹತಾ ಪ್ರಮಾಣಪತ್ರಕ್ಕೆ ಅಪ್ಪನ ಕಾಗದ ತೋರಿಸಿದರಾಯಿತು ಎಂದು ನಾನು ಎದೆಯುಬ್ಬಿಸಿಯೇ ಹೊರಟೆ. ಏಳು ತಲೆಮಾರು ಕಾಗಿಣಾ ನೀರು ಕುಡಿದ ಮನೆತನ, ನನ್ನನ್ನು ಯಾರು ಕೇಳುತ್ತಾರೆ?

ಕೇಳಿದರು. ಶಾಲೆಯ ಹಳೆಯ ದಾಖಲಾತಿ ರಜಿಸ್ಟರು ಕಪಾಟಿನ ತಳದಿಂದ ಬಂತು. ಗೆದ್ದಲು ಅಂಚು ತಿಂದು, ಭೂಪಟದ ಕರಾವಳಿಯ ಹಾಗೆ ಮಾಡಿಟ್ಟಿತ್ತು. ನನ್ನ ಹೆಸರಿನ ಸಾಲು ಮಾತ್ರ ಸುರಕ್ಷಿತ. ಹುಟ್ಟಿದ ತಾರೀಕು ಜೂನ್ 1. ನಮ್ಮ ವಾರಿಗೆಯ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದ್ದು. ಹೆರಿಗೆಯ ಹೊತ್ತು ಅವ್ವಂದಿರಿಗೆ ನೆನಪಿರದಿದ್ದರೆ ಮಾಸ್ತರರೇ ಬರೆದುಕೊಳ್ಳುತ್ತಿದ್ದರು. ತಾರೀಕನ್ನು ಹೀಗೆ ಧಾರಾಳವಾಗಿ ಕಲ್ಪಿಸಿದ ಅದೇ ಮಾಸ್ತರರು ಪಕ್ಕದ ಕಾಲಮ್ಮಿನಲ್ಲಿ ಮಾತ್ರ ಹರಿಶ್ಚಂದ್ರರಾಗಿದ್ದರು. ಜನ್ಮಸ್ಥಳ: ಸೊಲ್ಲಾಪುರ. ಮಸಿ ಮಾಸಿರಲಿಲ್ಲ, ಗೆದ್ದಲೂ ಮುಟ್ಟಿರಲಿಲ್ಲ.

ಅವ್ವನ ತವರು ಸೊಲ್ಲಾಪುರ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಸಂವಿಧಾನಕ್ಕಿಂತ ಹಳೆಯ ಕಾಯಿದೆ. ಏಳು ತಿಂಗಳಿಗೆ ಕುಬಸ ಮುಗಿಸಿಕೊಂಡು ರೈಲು ಹತ್ತಿದಳು. ವಾಡಿಯಲ್ಲಿ ಬದಲಿಸಿ, ಶಹಾಬಾದ್, ಕಲಬುರಗಿ ದಾಟಿ ಹೋದಳು. ಬರುವಾಗ ಒಂದು ಸೊಲ್ಲಾಪುರ ಚಾದರದಲ್ಲಿ ನನ್ನನ್ನು ಸುತ್ತಿಕೊಂಡು ಬಂದಳು.

ಕಚೇರಿಯೊಂದರಲ್ಲಿ ಶಹಾಬಾದ್ ಕಲ್ಲಿನ ತಣ್ಣನೆ ನೆಲದ ಮೇಲೆ ಪಾಳಿ ಹಚ್ಚಿ ಕೂತಿದ್ದೆವು. ನನ್ನ ಸರದಿ ಬಂತು. ಗುಮಾಸ್ತರು ಕಾಗದ ನೋಡಿದರು, ನನ್ನನ್ನು ನೋಡಿದರು.

"ನೀವು ಮಹಾರಾಷ್ಟ್ರದವರೇನ್ರಿ ಸರ್?"

"ಇಲ್ರಿ, ನಮ್ದು ಇದಾ ಊರು. ಹೆರಿಗಿ ಅಷ್ಟಾ ಅಲ್ಲಿ."

"ಹುಟ್ಟೋದು ಹೆರಿಗಿ ಆದಲ್ಲೇ ಅಲ್ರಿ ಸರ್?"

ಇದಕ್ಕೆ ಏನು ಉತ್ತರ ಕೊಡುವುದು? ವೇದಾಂತಿಗಳಾದರೆ ಏನಾದರೂ ಹೇಳುತ್ತಿದ್ದರು. ಮಳಖೇಡದಲ್ಲಿ ಟೀಕಾಚಾರ್ಯರೆಂದೇ ಹೆಸರಾದ ಜಯತೀರ್ಥರ ಬೃಂದಾವನವಿದೆ, ಆದರೆ ಅವರೂ ಈ ಪ್ರಶ್ನೆಗೆ ಟೀಕೆ ಬರೆದಂತಿಲ್ಲ. ನಾನು ಬಾಯಿ ಮುಚ್ಚಿಕೊಂಡು ಹತ್ತು ವರ್ಷದ ವಾಸಕ್ಕೆ ಪುರಾವೆ ಕೂಡಿಸತೊಡಗಿದೆ. ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಶಿಕ್ಷಣ ಇಲಾಖೆಯ ಮೇಲುಸಹಿ, ರೇಶನ್ ಕಾರ್ಡು, ಮತದಾರರ ಪಟ್ಟಿ. ಮುತ್ಯಾನ ಹೊಲದ ಕಾಗದ ಒಂದು ಸಿಕ್ಕಿತು, ಪೂರಾ ಉರ್ದುವಿನಲ್ಲಿ, ವರ್ಷ ಫಸಲಿ ಲೆಕ್ಕದಲ್ಲಿ. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ ಎಂದು ಬಲ್ಲವರು ಹೇಳಿಕೊಟ್ಟರು. ಕೂಡಿಸಿದೆ. ಇಸವಿ ಸಿಕ್ಕಿತು, ಪ್ರಯೋಜನ ಸಿಗಲಿಲ್ಲ. ನಿಯಮ ಮುತ್ಯಾನನ್ನು ಕೇಳಿರಲಿಲ್ಲ, ನನ್ನನ್ನು ಕೇಳಿತ್ತು.

ಅಷ್ಟರಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನ ರಾಜಸ್ಥಾನಿ ಭಾಯಿಸಾಬ್ ಪೇಢಾ ಡಬ್ಬಿ ಹಿಡಿದು ಬಂದರು. ಕಾರ್ಖಾನೆ ಶುರುವಾದ ಕಾಲಕ್ಕೆ ಬಂದು ನೆಲೆಸಿದವರು. ಮಕ್ಕಳು ಹುಟ್ಟಿದ್ದು ಇಲ್ಲೇ. ಜನನ ಪತ್ರ ತೋರಿಸಿದ್ದರು, ಪ್ರಮಾಣಪತ್ರ ಸಲೀಸಾಗಿ ಬಂದಿತ್ತು. "ಭಾಯಿಸಾಬ್, ಹಮ್ ತೋ ಪಕ್ಕಾ ಲೋಕಲ್ ಹೋ ಗಯೇ! ಆಪ್‌ಕಾ ಹುವಾ ಕ್ಯಾ?" ಎಂದರು. ಅಮೋಘವರ್ಷನ ರಾಜಧಾನಿಯ ಬಗಲಲ್ಲಿ ನಿಂತು, ನನ್ನದು ಇನ್ನೂ ಪರಿಶೀಲನೆಯಲ್ಲಿದೆ ಎಂದು ಹಿಂದಿಯಲ್ಲಿ ಹೇಳಬೇಕಾಯಿತು. ಪೇಢಾ ಚೆನ್ನಾಗಿತ್ತು. ಅವರ ಮಕ್ಕಳು ನನ್ನ ಮಕ್ಕಳಿಗಿಂತ ಚೆಂದ ಕಲಬುರಗಿ ಕನ್ನಡ ಆಡುತ್ತಾರೆ ಎಂಬುದನ್ನೂ ಹೇಳಿಬಿಡಬೇಕು. ನಮ್ಮ ಮಗಳು ಟಿವಿ ನೋಡಿ 'ಹಾಗೆ, ಹೀಗೆ' ಅನ್ನುತ್ತಾಳೆ. ಅವರ ಹುಡುಗ 'ಹಂಗ್ಯಾಕಂತೀರಿ ಕಾಕಾ' ಅನ್ನುತ್ತಾನೆ. ಹುಟ್ಟಿದ ಊರಿಗೂ ಬೆಳೆದ ಊರಿಗೂ ಪಾಲು ಕೊಟ್ಟ ನಿಯಮ ಅಷ್ಟರ ಮಟ್ಟಿಗೆ ನ್ಯಾಯದ್ದೇ.

ನಮ್ಮದೂ ಬಂತು, ತಡವಾಗಿ, ವಾಡಿಕೆಯಂತೆ. ಮಗಳಿಗೆ ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆ ವರ್ಷಗಳಲ್ಲಿ ನಮ್ಮ ಓಣಿಗಳಲ್ಲಿ ಒಂದು ಸಂಗತಿ ಕಂಡೆ: ವೈದ್ಯಕೀಯ ಸೀಟು ಅಂದರೆ ಬೆಂಗಳೂರಿನವರ ಮಕ್ಕಳ ಸೊತ್ತು ಎಂದು ತಿಳಿದಿದ್ದ ಮನೆಗಳಲ್ಲಿ ಕೌನ್ಸೆಲಿಂಗ್, ರ‍್ಯಾಂಕು ಎಂಬ ಮಾತುಗಳು ಕೇಳಿಸತೊಡಗಿದವು. ಚಿತ್ತಾಪುರದ ಬಸ್ಸಿನಲ್ಲಿ ಹೆಣ್ಣುಮಕ್ಕಳು ಸಿಇಟಿ ಪುಸ್ತಕ ಮೊಣಕಾಲಿನ ಮೇಲಿಟ್ಟು ಓದುತ್ತಿದ್ದರು. ಕಾಕಾನ ಮೊಮ್ಮಗನಿಗೂ ನೌಕರಿ ಆಯಿತು. ಆದರೆ ಕಾಕಾ ಈಗಲೂ ಮೊದಲು ಕೇಳುವುದು ತೊಗರಿ ರೇಟು.

2019ರ ಸೆಪ್ಟೆಂಬರ್ 17ಕ್ಕೆ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಬೋರ್ಡುಗಳು ಬದಲಾದವು, ಲೆಟರ್‌ಹೆಡ್ಡುಗಳು ಬದಲಾದವು. ಬೋರ್ಡು ಬರೆಯುವವರಿಗೆ ಅಂದೇ ಕಲ್ಯಾಣವಾಯಿತು. ಉಳಿದವರದು ನಡೆಯುತ್ತಾ ಇದೆ.

ನಡೆಯುವುದು ನಿಧಾನ ಎಂಬುದನ್ನು ಮಾತ್ರ ನಗುತ್ತಾ ಹೇಳಲು ನನಗೂ ಆಗುವುದಿಲ್ಲ. ಪಾಲು ಶೇ. 80 ಎಂದು ಬರೆದರೂ ಹುದ್ದೆಯನ್ನೇ ತುಂಬದಿದ್ದರೆ ಸೊನ್ನೆಯಲ್ಲಿ ಶೇ. 80 ಎಷ್ಟು? ನಮ್ಮ ಶಾಲೆಗಳಲ್ಲಿ ಮಾಸ್ತರರಿಲ್ಲದ ತರಗತಿಗಳಿವೆ, ಓದಿ ಕೂತ ಹುಡುಗರ ಕೈಯಲ್ಲಿ ಪ್ರಮಾಣಪತ್ರಗಳಿವೆ. ಎರಡನ್ನೂ ಕೂಡಿಸುವುದಕ್ಕೆ ಇನ್ನೊಂದು ಸಂವಿಧಾನ ತಿದ್ದುಪಡಿ ಬೇಕಿಲ್ಲ. ನೇಮಕಾತಿಯ ಆದೇಶ ಸಾಕು. ಖಾಲಿ ಹುದ್ದೆ ತುಂಬಿರಪ್ಪಾ ಎಂದು ಬೆಂಗಳೂರಿನವರಿಗೆ ಹೇಳುತ್ತೇನೆ. ನಮ್ಮ ಕಡೆಯವರಿಗೆ ಹೇಳುವುದು ಬೇರೆ: ಮಕ್ಕಳ ಅರ್ಹತಾ ಪತ್ರ ಇನ್ನೂ ಮಾಡಿಸಿಲ್ಲವಾದರೆ ಸಿಇಟಿ ಬರುವ ತನಕ ಕಾಯಬೇಡಿರಿ, ಈಗಲೇ ಮಾಡಿಸಿಟ್ಟುಕೊಳ್ಳಿರಿ. ಹೆಂಡತಿಯ ತವರು ಸೊಲ್ಲಾಪುರವಾಗಿದ್ದರೆ ಇನ್ನೂ ಒಂದು ತಿಂಗಳು ಮೊದಲೇ ಹೊರಡಿರಿ.