ಕಾಲಪ್ರತ್ಯಾವರ್ತನ ಮೀಮಾಂಸೆ ಅಥವಾ ಮ್ಯಾಕ್ಸ್ ಕಾಲ್‌ಫೀಲ್ಡಳ ಐದು ದಿನಗಳ ಶಾಸ್ತ್ರೋಕ್ತ ವಿಚಾರಣೆ

ಶಾಸ್ತ್ರಗ್ರಂಥ ಶುರುವಾಗುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಸಂಗತಿ ಇತ್ಯರ್ಥವಾಗಬೇಕೆಂಬುದು ಪಂಡಿತರ ಕಟ್ಟಳೆ. ಪ್ರಸ್ತುತ ಮೀಮಾಂಸೆಯ ವಿಷಯ ‘ಲೈಫ್ ಈಸ್ ಸ್ಟ್ರೇಂಜ್’ ಎಂಬ ವಿಡಿಯೊ ಗೇಮ್. ಪ್ಯಾರಿಸ್ಸಿನ ಡೋಂಟ್‌ನಾಡ್ ಸಂಸ್ಥೆ ಕಟ್ಟಿದ ಇದನ್ನು ಸ್ಕ್ವೇರ್ ಎನಿಕ್ಸ್ 2015ರ ಜನವರಿಯಿಂದ ಅಕ್ಟೋಬರ್‌ವರೆಗೆ ಐದು ಕಂತುಗಳಲ್ಲಿ ಹೊರತಂದಿತು. ಪ್ರಯೋಜನ ಏನೂ ಇಲ್ಲ. ಇದ್ದಿದ್ದರೆ ಇದನ್ನು ಶಾಸ್ತ್ರವೆನ್ನದೆ ಗೈಡು ಎನ್ನುತ್ತಿದ್ದರು. ಅಧಿಕಾರಿ ಯಾರೆಂದರೆ, ಹದಿನೇಳು ಹದಿನೆಂಟರಲ್ಲಿ ಬಾಯಿತಪ್ಪಿ ಏನೋ ಆಡಿ, ಅದನ್ನು ನೆನೆದು ಇಂದಿಗೂ ಮಗ್ಗುಲು ಬದಲಿಸುವ ಯಾರಾದರೂ. ಸಂಬಂಧದ ಮಾತು ಮುಂದೆ ತಾನಾಗಿ ಬರುತ್ತದೆ. ಕಥೆಯ ಗುಟ್ಟು ಒಡೆಯುವುದು ದೋಷವಲ್ಲವೇ ಎಂದು ಪೂರ್ವಪಕ್ಷಿ ಕೇಳಿದರೆ, ಅಲ್ಲ. ಅಭಿಮನ್ಯು ಸಾಯುತ್ತಾನೆಂದು ಗೊತ್ತಿದ್ದೂ ಜನ ಬೆಳಗಿನವರೆಗೆ ಯಕ್ಷಗಾನಕ್ಕೆ ಕೂರುತ್ತಾರೆ.

ವೃತ್ತಾಂತ ಹೀಗಿದೆ. ಅಮೆರಿಕದ ಆರೆಗನ್ ಕರಾವಳಿಯಲ್ಲಿ ಆರ್ಕೇಡಿಯಾ ಬೇ ಎಂಬ ಕಲ್ಪಿತ ಊರು. 2013ರ ಅಕ್ಟೋಬರ್ 7, ಸೋಮವಾರ. ಬ್ಲ್ಯಾಕ್‌ವೆಲ್ ಅಕಾಡೆಮಿಗೆ ಫೋಟೊಗ್ರಫಿ ಕಲಿಯಲು ಬಂದಿರುವ ಹದಿನೆಂಟರ ಮ್ಯಾಕ್ಸ್ ಕಾಲ್‌ಫೀಲ್ಡಳಿಗೆ ತರಗತಿಯಲ್ಲಿ ಕೂತಲ್ಲೇ ಸುಂಟರಗಾಳಿಯೊಂದು ಊರಿನತ್ತ ಬರುವುದು ಕಾಣಿಸುತ್ತದೆ. ಸ್ವಲ್ಪ ಹೊತ್ತಿಗೆ ಶೌಚಾಲಯದಲ್ಲಿ ನೀಲಿ ಕೂದಲ ಹುಡುಗಿಯೊಬ್ಬಳಿಗೆ ಸಹಪಾಠಿ ಗುಂಡು ಹಾರಿಸುತ್ತಾನೆ. ಮ್ಯಾಕ್ಸ್ ಕೈಚಾಚಿದ್ದೇ ತಡ, ಕಾಲ ಹಿಂದಕ್ಕೆ ಸರಿಯುತ್ತದೆ. ಸಾಯಬೇಕಿದ್ದವಳು ಕ್ಲೋಯಿ ಪ್ರೈಸ್, ಬಾಲ್ಯದ ಗೆಳತಿ. ಐದು ವರ್ಷ ಸಿಯಾಟಲ್‌ನಲ್ಲಿದ್ದ ಮ್ಯಾಕ್ಸ್ ಅವಳ ಸಂಪರ್ಕವನ್ನೇ ಬಿಟ್ಟಿದ್ದಳು. ಊರಿಗೆ ಮರಳಿದ ಮೇಲೂ ಹೋಗಿ ನೋಡಿರಲಿಲ್ಲ. ಕಥೆಯಲ್ಲಿ ಗುಂಡಿಗಿಂತ ಹೆಚ್ಚು ಚುಚ್ಚುವುದು ಇದೇ.

ಈಗ ಲಕ್ಷಣ. ಕರ್ತೃವನ್ನುಳಿದು ಲೋಕವೆಲ್ಲ ಹಿಂದೆ ಸರಿಯುವುದೇ ಕಾಲಪ್ರತ್ಯಾವರ್ತನ, ಆಡುಮಾತಿನಲ್ಲಿ ರಿವೈಂಡ್. ಲೋಕವೆಲ್ಲ ಎಂದಾಗ ಅತಿವ್ಯಾಪ್ತಿ ದೋಷ ಬರುತ್ತದೆ, ಏಕೆಂದರೆ ಮ್ಯಾಕ್ಸ್ ಎತ್ತಿಟ್ಟುಕೊಂಡ ವಸ್ತು ಹಿಂದೆ ಹೋಗದೆ ಅವಳ ಬಳಿಯೇ ಉಳಿಯುತ್ತದೆ. ಆದ್ದರಿಂದ ‘ಚೀಲಸಹಿತಳಾದ ಕರ್ತೃವನ್ನುಳಿದು’ ಎಂದು ತಿದ್ದಿಕೊಳ್ಳತಕ್ಕದ್ದು. ದೃಷ್ಟಾಂತಕ್ಕೆ ಮೂರನೆಯ ಕಂತಿನ ಪ್ರಾಂಶುಪಾಲರ ಬಾಗಿಲು ಸಾಕು. ನಡುರಾತ್ರಿ, ಬೀಗ ಬಗ್ಗುತ್ತಿಲ್ಲ. ಮ್ಯಾಕ್ಸ್ ಸಿಡಿಮದ್ದಿಟ್ಟು ಬಾಗಿಲನ್ನೇ ಹಾರಿಸುತ್ತಾಳೆ. ಅಲಾರಂ ಅರಚಿಕೊಳ್ಳುತ್ತಿರುವಾಗ ಒಳಹೊಕ್ಕು ನಿಂತು ಕಾಲವನ್ನು ಹಿಂದಕ್ಕೆಳೆಯುತ್ತಾಳೆ. ಈಗ ಬಾಗಿಲು ಒಡೆದೇ ಇಲ್ಲ, ಅಲಾರಂ ಕೂಗಿಯೇ ಇಲ್ಲ, ಆದರೆ ಮ್ಯಾಕ್ಸ್ ಒಳಗಿದ್ದಾಳೆ. ಒಳಗಿನಿಂದ ಚಿಲಕ ತೆಗೆದರೆ ಹೊರಗಿದ್ದ ಕ್ಲೋಯಿ ತಬ್ಬಿಬ್ಬು. ಕಾರ್ಯ ಕಣ್ಣೆದುರಿಗಿದೆ, ಕಾರಣ ನಡೆದೇ ಇಲ್ಲ! ನಮ್ಮ ನೈಯಾಯಿಕರು ಈ ಬಾಗಿಲ ಮುಂದೆ ಒಂದು ಶತಮಾನ ಕೂತು ಜಗಳವಾಡಬಹುದಿತ್ತು.

ಇಂಥ ಸಿದ್ಧಿ ಒಲಿದವಳು ಅದನ್ನು ಮೊದಮೊದಲು ಯಾವುದಕ್ಕೆ ಬಳಸಿದಳು? ಮೇಷ್ಟ್ರ ಪ್ರಶ್ನೆಗೆ ಉತ್ತರ ಹೇಳಲು. ಆತ್ಮಚಿತ್ರಗಳಿಗೆ ದಾರಿಮಾಡಿದ ಛಾಯಾಗ್ರಹಣ ವಿಧಾನ ಯಾವುದೆಂದು ಜೆಫರ್ಸನ್ ಮೇಷ್ಟ್ರು ಕೇಳಿದಾಗ ಮೊದಲ ಸಲ ಮ್ಯಾಕ್ಸ್ ತಡವರಿಸುತ್ತಾಳೆ. ವಿಕ್ಟೋರಿಯಾ ಚೇಸ್ ಎಂಬ ಸಿರಿವಂತ ಹುಡುಗಿ ಲೂಯಿ ಡಗೇರ್‌ನ ಹೆಸರು ಹೇಳಿ ಬೀಗುತ್ತಾಳೆ. ಎರಡನೆಯ ಸಲ ಅದೇ ಉತ್ತರ ಮ್ಯಾಕ್ಸಳ ಬಾಯಿಂದ ಪಟಪಟನೆ ಬರುತ್ತದೆ. ಮುಂದಿನ ಪವಾಡ, ಹಾಸ್ಟೆಲ್ ಮೆಟ್ಟಿಲಿಗೆ ಅಡ್ಡ ಕೂತ ಅದೇ ವಿಕ್ಟೋರಿಯಾಳ ಮೇಲೆ ಬಣ್ಣದ ಡಬ್ಬಿ ಮಗುಚುವಂತೆ ಏರ್ಪಾಟು ಮಾಡುವುದು. ತಪಸ್ಸು ಮಾಡಿ ಬ್ರಹ್ಮಾಸ್ತ್ರ ಪಡೆದವರು ಇದನ್ನು ಕೇಳಿ ಮೂಗು ಮುರಿಯಬಹುದು. ಈ ಮೀಮಾಂಸಕನ ಮತದಲ್ಲಿ ಮಾತ್ರ ಆಟ ಬರೆದವರು ಹದಿಹರೆಯವನ್ನು ಚೆನ್ನಾಗಿಯೇ ಬಲ್ಲರು. ಆ ವಯಸ್ಸಿಗೆ ಲೋಕ ಗೆಲ್ಲುವ ವರ ಬೇಕಿಲ್ಲ. ಈಗಷ್ಟೇ ಆಡಿದ ಪೆದ್ದುಮಾತನ್ನು ಯಾರೂ ಕೇಳಿರಬಾರದು, ಅಷ್ಟೇ.

ಪೂರ್ವಪಕ್ಷಿ ಮತ್ತೆ ಎದ್ದು ನಿಲ್ಲುತ್ತಾನೆ: ಎಲ್ಲವನ್ನೂ ಅಳಿಸಿ ಬರೆಯಬಹುದಾದರೆ ಸಂಕಟವೆಲ್ಲಿ, ಆಟವೆಲ್ಲಿ? ಸಮಾಧಾನ ಹೀಗೆ. ಮೊದಲ ಕಂತಿನಲ್ಲಿ ಭದ್ರತಾ ಮುಖ್ಯಸ್ಥ ಡೇವಿಡ್, ಕೇಟ್ ಮಾರ್ಷ್ ಎಂಬ ಸಾಧು ಹುಡುಗಿಯನ್ನು ದಬಾಯಿಸುತ್ತಿರುತ್ತಾನೆ. ನಡುವೆ ಹೋಗಿ ತಡೆಯಬಹುದು, ಮರೆಯಲ್ಲಿ ನಿಂತು ಸಾಕ್ಷಿಗೆಂದು ಫೋಟೊ ತೆಗೆಯಬಹುದು. ತಡೆದರೆ ಕೇಟ್ ಕೃತಜ್ಞಳು, ಡೇವಿಡ್ ಶತ್ರು. ಫೋಟೊ ತೆಗೆದರೆ ಕೈಯಲ್ಲಿ ಸಾಕ್ಷಿ, ಕೇಟಳ ಮುಖದಲ್ಲಿ ಬೇಸರ. ಪರದೆಯ ಮೂಲೆಯಲ್ಲಿ ಚಿಟ್ಟೆಯೊಂದು ರೆಕ್ಕೆ ಬಡಿದು, ಇದಕ್ಕೆ ಫಲವುಂಟು ಎಂದು ಎಚ್ಚರಿಸುತ್ತದೆ. ರಿವೈಂಡ್ ಮಾಡಿ ಇನ್ನೊಂದನ್ನು ನೋಡಿದರೆ ಅದೂ ಸರಿಯೆನಿಸುವುದಿಲ್ಲ, ಮತ್ತೆ ಹಿಂದೆ. ಯಾವುದನ್ನು ಆರಿಸಿದರೂ ಮ್ಯಾಕ್ಸ್ ಮನಸ್ಸಿನಲ್ಲೇ ಗೊಣಗುತ್ತಾಳೆ, ಇನ್ನೊಂದು ಮಾಡಿದ್ದರೆ ಚೆನ್ನಾಗಿತ್ತೇನೋ ಎಂದು. ತಕ್ಷಣದ ಫಲ ಕಾಣುತ್ತದೆ, ದೂರದ್ದು ಕಾಣುವುದಿಲ್ಲ. ತಿದ್ದುವ ಅವಕಾಶ ಹೆಚ್ಚಿದಷ್ಟೂ ಆಟಗಾರನ ಬೆರಳು ನಡುಗುವುದು ಹೆಚ್ಚು.

ಎರಡನೆಯ ಕಂತಿನ ಬಾಟಲಿ ಪ್ರಕರಣವನ್ನು ಇಲ್ಲಿ ಒಂದೇ ಮಾತಿನಲ್ಲಿ ಮುಗಿಸಲಾಗುವುದು. ಗುಜರಿ ಅಂಗಳದಲ್ಲಿ ಕ್ಲೋಯಿಯ ಗುರಿಯಾಟಕ್ಕೆಂದು ಐದು ಖಾಲಿ ಬಾಟಲಿ ಹುಡುಕಿಕೊಡಬೇಕು, ಕಾಲಚಕ್ರವನ್ನೇ ತಿರುಗಿಸಬಲ್ಲ ಹುಡುಗಿ ತುಕ್ಕು ಹಿಡಿದ ಕಾರುಗಳ ನಡುವೆ ಅಲೆಯುತ್ತಾಳೆ, ಐದನೆಯ ಬಾಟಲಿ ಸಿಗುವುದಿಲ್ಲ.

ಅದೇ ಕಂತಿನ ಕೊನೆಗೆ ಶಾಸ್ತ್ರಕಾರ ಪಾಂಡಿತ್ಯವನ್ನು ಬದಿಗಿಟ್ಟು ಸುಮ್ಮನೆ ನೋಡಬೇಕಾಗುತ್ತದೆ. ವಿಡಿಯೊವೊಂದು ಹಬ್ಬಿ ಎಲ್ಲರ ನಗೆಗೀಡಾದ ಕೇಟ್, ಮಳೆಯಲ್ಲಿ ಹಾಸ್ಟೆಲ್ ಮಾಳಿಗೆಯ ಅಂಚಿನಲ್ಲಿ ನಿಂತಿದ್ದಾಳೆ. ಮ್ಯಾಕ್ಸ್ ಅಲ್ಲಿಗೆ ತಲುಪುವಷ್ಟರಲ್ಲಿ ಶಕ್ತಿಯೆಲ್ಲ ಸೋರಿಹೋಗಿದೆ, ರಿವೈಂಡ್ ಇಲ್ಲ. ಈಗ ನೆರವಿಗೆ ಬರುವುದು ಆಟಗಾರ ಮೊದಲೇ ನೋಡಿಟ್ಟುಕೊಂಡದ್ದು ಮಾತ್ರ. ಅವಳ ಕೋಣೆಯ ಫೋಟೊಗಳನ್ನು ನಿಂತು ನೋಡಿದ್ದನೇ, ಮನೆಯಲ್ಲಿ ಅವಳನ್ನು ನಿಜಕ್ಕೂ ಪ್ರೀತಿಸುವವರು ಯಾರೆಂದು ತಿಳಿದಿದ್ದನೇ, ಬೆಳಿಗ್ಗೆ ಹೋಟೆಲಿನಲ್ಲಿ ಕ್ಲೋಯಿ ಮುನಿಸಿಕೊಂಡರೂ ಕೇಟಳ ಫೋನು ಎತ್ತಿದ್ದನೇ? ಅವಸರದಲ್ಲಿ ದಾಟಿ ಬಂದವನು ತೊದಲುತ್ತಾನೆ. ಕೇಟ್ ಉಳಿಯಬಹುದು, ಉಳಿಯದೇ ಹೋಗಬಹುದು. 2016ರಲ್ಲಿ ಈ ಆಟಕ್ಕೆ ಕಥೆಗಾಗಿ ಬಾಫ್ಟಾ ಪ್ರಶಸ್ತಿ ಬಂತು. ಈ ದೃಶ್ಯವೊಂದಕ್ಕೇ ಕೊಟ್ಟಿದ್ದರೂ ತಕರಾರಿರಲಿಲ್ಲ.

ಪ್ರಮಾಣವಿಚಾರಕ್ಕೂ ಒಂದು ಸೇರ್ಪಡೆಯಿದೆ. ಪ್ರತ್ಯಕ್ಷ, ಅನುಮಾನ, ಶಬ್ದಗಳ ಸಾಲಿಗೆ ಈ ಆಟ ‘ಶೇಕಡಾ’ ಎಂಬ ಹೊಸ ಪ್ರಮಾಣವನ್ನು ತರುತ್ತದೆ. ಕಂತು ಮುಗಿದಾಗ ಪ್ರತಿಯೊಂದು ಆಯ್ಕೆಗೂ ಲೋಕದ ಆಟಗಾರರಲ್ಲಿ ಶೇಕಡಾ ಎಷ್ಟು ಮಂದಿ ಹಾಗೆ ಮಾಡಿದರೆಂಬ ಪಟ್ಟಿ ಮೂಡುತ್ತದೆ. ಕೋಣೆಯ ಕುಂಡದ ಗಿಡಕ್ಕೆ ನೀರು ಹಾಕಿದವರ ಲೆಕ್ಕವೂ ಅದರಲ್ಲುಂಟು. ಧರ್ಮಸೂಕ್ಷ್ಮವನ್ನು ಭೀಷ್ಮನಿಂದ ಕೇಳಿ ತಿಳಿಯುವ ಕಷ್ಟ ತಪ್ಪಿತು.

ಉತ್ಪಾತಗಳಿಗೂ ಕೊರತೆಯಿಲ್ಲ. ಬೆಚ್ಚಗಿನ ಸಂಜೆ ಹಿಮ, ಪಂಚಾಂಗದಲ್ಲಿಲ್ಲದ ಗ್ರಹಣ, ದಂಡೆಗೆ ಬಂದು ಸತ್ತ ತಿಮಿಂಗಿಲಗಳು, ಆಕಾಶದಲ್ಲಿ ಎರಡು ಚಂದ್ರ. ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಉತ್ಪಾತಗಳಿಗೆಂದೇ ಒಂದು ಅಧ್ಯಾಯ ಬರೆದಿದ್ದಾನೆ. ಆರ್ಕೇಡಿಯಾ ಬೇಯ ಜನ ಫೋನಿನಲ್ಲಿ ಫೋಟೊ ತೆಗೆದು ಮನೆಗೆ ಹೋಗುತ್ತಾರೆ.

ಶುಕ್ರವಾರ ಸುಂಟರಗಾಳಿ ಬಂದೇ ಬರುತ್ತದೆ. ದೀಪಸ್ತಂಭದ ಬುಡದಲ್ಲಿ ನಿಂತ ಮ್ಯಾಕ್ಸಳಿಗೆ ಎರಡೇ ದಾರಿ: ಸೋಮವಾರಕ್ಕೆ ಮರಳಿ ಕ್ಲೋಯಿಯನ್ನು ಗುಂಡಿಗೆ ಬಿಟ್ಟುಕೊಡುವುದು, ಇಲ್ಲವೇ ಊರು ಮುಳುಗುವುದನ್ನು ಅವಳ ಜೊತೆ ನಿಂತು ನೋಡುವುದು. ಇಲ್ಲಿಂದ ಅಭಿಮಾನಿಗಳು ಊರುಪರರು, ಗೆಳತಿಪರರು ಎಂದು ಎರಡು ಪಂಥವಾಗಿ ಒಡೆದರು. ಊರುಪರರ ವಾದ ಲೆಕ್ಕದ್ದು: ಒಂದು ಪ್ರಾಣ, ಒಂದೂರು ಪ್ರಾಣ. ಐದು ದಿನ ಆಟಗಾರನಿಂದ ಒಂದೇ ಜೀವವನ್ನು ಮತ್ತೆ ಮತ್ತೆ ಉಳಿಸಿಸಿ, ಕೊನೆಗೆ ಲೆಕ್ಕ ಮಾಡು ಎನ್ನುವುದು ಯಾವ ನ್ಯಾಯ ಎಂದು ಗೆಳತಿಪರರು ಸಿಡುಕುತ್ತಾರೆ. ಮೂಲಪಾಠದಲ್ಲೇ ಪಕ್ಷಪಾತವಿದೆ ಎಂಬ ಅವರ ದೂರನ್ನು ತಳ್ಳಿಹಾಕುವಂತಿಲ್ಲ: ಊರು ಉಳಿದರೆ ಶವಸಂಸ್ಕಾರವನ್ನೊಳಗೊಂಡ ಸಾವಕಾಶದ ಮುಕ್ತಾಯ, ಗೆಳತಿ ಉಳಿದರೆ ಪಾಳುಬಿದ್ದ ಬೀದಿಯಲ್ಲಿ ಒಂದು ಗಾಡಿ ಸಾಗುತ್ತದೆ, ಅಷ್ಟಕ್ಕೇ ಪರದೆ ಬೀಳುತ್ತದೆ.

2024ರ ಅಕ್ಟೋಬರ್‌ನಲ್ಲಿ ಡೆಕ್ ನೈನ್ ಸಂಸ್ಥೆ ‘ಡಬಲ್ ಎಕ್ಸ್‌ಪೋಷರ್’ ಎಂಬ ಉತ್ತರಭಾಗ ಹೊರತಂದು ವ್ಯಾಜ್ಯ ಬಗೆಹರಿಸಹೊರಟಿತು. ಮ್ಯಾಕ್ಸ್ ಈಗ ವರ್ಮಾಂಟ್‌ನ ವಿಶ್ವವಿದ್ಯಾಲಯವೊಂದರಲ್ಲಿ ಛಾಯಾಚಿತ್ರ ಕಲಾವಿದೆ. ಹಿಂದೆ ಯಾರನ್ನು ಉಳಿಸಿದ್ದಳೆಂಬುದನ್ನು ಆರಂಭದ ಮಾತುಕತೆಯಲ್ಲೇ ಆಟಗಾರ ತೀರ್ಮಾನಿಸಬಹುದು, ಎರಡು ಪಾಠವೂ ಪ್ರಮಾಣ. ಆದರೆ ಕ್ಲೋಯಿ ಬದುಕಿದ್ದರೂ ಇಬ್ಬರೂ ಬೇರೆಯಾಗಿ ಕಾಲವಾಗಿದೆ ಎಂದು ಬರೆದುಬಿಟ್ಟರು. ಗೆಳತಿಪರರು ಈ ಭಾಷ್ಯವನ್ನು ಸಾರಾಸಗಟು ತಿರಸ್ಕರಿಸಿದ್ದಾರೆ. ಊರುಪರರು ಯಾವ ಪ್ರತಿಕ್ರಿಯೆಯನ್ನೂ ಕೊಡದೆ ಹಲ್ಲು ಬಿಗಿದು ನಗು ತಡೆದುಕೊಂಡಿದ್ದಾರೆ.