ನಿಮ್ಮ ಮೂರನೆಯದು ಯಾವುದು?

ಊಟ ಆಯ್ತಾ, ನಿಮ್ಮ ಕಡೆ ಮಳೆ ಹೇಗೆ ಎಂದು ಮಾತು ಶುರುಮಾಡುವುದು ಲೋಕರೂಢಿ. ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಯಜಮಾನರು, ಹೊಸಬರು ಯಾರೇ ಸಿಗಲಿ, ಕುರ್ಚಿ ಹತ್ತಿರ ಎಳೆದುಕೊಂಡು “ನಿಮ್ಮ ಮೂರನೆಯದು ಯಾವುದು?” ಎಂದು ಕೇಳುತ್ತಾರೆ. ಮೂರನೆಯ ಮಗುವೋ, ಮೂರನೆಯ ಸೈಟೋ ತಿಳಿಯದೆ ಎದುರಿನವರು ನನ್ನ ಮುಖ ನೋಡುತ್ತಾರೆ. ಅಷ್ಟು ಹೊತ್ತಿಗೆ ನಾನು ಕಿಟಕಿಯಾಚೆ ಏನನ್ನೋ ನೋಡುತ್ತಿರುತ್ತೇನೆ.

ಭಾವನವರು ಕೇಳುವುದು ಟಿವಿ ಧಾರಾವಾಹಿಯ ಬಗ್ಗೆ. ಅವರ ಸಿದ್ಧಾಂತ ಹೀಗಿದೆ: “ಮೊದಲನೆಯದು ಯಾವುದು ಅಂದ್ರೆ ಎಲ್ಲರೂ ‘ಮಾಲ್ಗುಡಿ ಡೇಸ್’ ಅಂತಾರೆ. ಎರಡನೆಯದನ್ನ ಪಕ್ಕದವರನ್ನ ನೋಡಿಕೊಂಡು ಹೇಳ್ತಾರೆ. ಮನುಷ್ಯನ ಯೋಗ್ಯತೆ ಗೊತ್ತಾಗೋದು ಮೂರನೆಯದರಲ್ಲಿ.”

ಮದುವೆಯಾದ ಹೊಸದರಲ್ಲಿ ನನ್ನನ್ನೂ ಕೇಳಿದ್ದರು. ಸಾಹಿತ್ಯಾಸಕ್ತನೆಂದು ತೋರಿಸಿಕೊಳ್ಳುವ ಚಪಲದಲ್ಲಿ ನಾನು ಗಂಭೀರವಾಗಿ ‘ಗೃಹಭಂಗ’ ಎಂದೆ. ಎದ್ದು ಬಂದು ಕೈ ಕುಲುಕಿದರು. ಅವರ ಮೂರನೆಯದೂ ಅದೇ. ನನಗೆ ಬಾಯಿಪಾಠ ಬರುವುದು ‘ಸಿಲ್ಲಿಲಲ್ಲಿ’ಯ ಡಾಕ್ಟರ್ ವಿಠಲ್‌ರಾವ್ ಮಾತುಗಳು ಮಾತ್ರ ಎಂಬುದನ್ನು ಇಂದಿನವರೆಗೂ ಬಾಯಿಬಿಟ್ಟಿಲ್ಲ. ಬಿಟ್ಟರೆ ಷಡ್ಡಕತನಕ್ಕೇ ಸಂಚಕಾರ.

ಹೀಗೆ ಕಂಡದ್ದಕ್ಕೆಲ್ಲ ರ‍್ಯಾಂಕ್ ಕೊಡುವ ಜಾತಿಯವರು ಈಗ ಪ್ರತಿ ಬಂಧುಬಳಗದಲ್ಲೂ ಒಬ್ಬರಾದರೂ ಇದ್ದಾರೆ. ಹುಟ್ಟಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಎಸೆಸೆಲ್ಸಿ ರ‍್ಯಾಂಕ್ ವಿದ್ಯಾರ್ಥಿಗಳ ಫೋಟೋವನ್ನು ಪೇಪರಿನಲ್ಲಿ ನೋಡಿ, ಅಪ್ಪನಿಂದ ಬೈಸಿಕೊಂಡು ಬೆಳೆದ ತಲೆಮಾರು ಅದು. ಬುಧವಾರ ರಾತ್ರಿ ರೇಡಿಯೋಕ್ಕೆ ಕಿವಿ ಹಚ್ಚಿ, ಬಿನಾಕಾ ಗೀತಮಾಲಾದಲ್ಲಿ ಈ ವಾರ ಯಾವ ಹಾಡು ಎಷ್ಟನೇ ಮೆಟ್ಟಿಲು ಹತ್ತಿತು ಎಂದು ಅಮೀನ್ ಸಯಾನಿ ಹೇಳುವುದನ್ನು ಕೇಳಿದ ತಲೆಮಾರು. ತಮಗೆ ಯಾರೂ ಕೊಡದ ರ‍್ಯಾಂಕನ್ನು ಇವರು ಈಗ ಊರಿಗೆಲ್ಲ ಹಂಚುತ್ತಿದ್ದಾರೆ.

ಭಾವನವರು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದಾಖಲೆ ಇಲ್ಲದ ಅಭಿಪ್ರಾಯ ಅವರ ಲೆಕ್ಕದಲ್ಲಿ ಅಭಿಪ್ರಾಯವೇ ಅಲ್ಲ. ಬ್ಯಾಂಕಿನವರು ಕೊಟ್ಟ ಹಳೆಯ ಡೈರಿಯೊಂದರಲ್ಲಿ ಪ್ರತಿ ಧಾರಾವಾಹಿಗೂ ಒಂದು ಪುಟ. ಪುಟಕ್ಕೆ ನಾಲ್ಕು ಕಾಲಮ್ಮು. ಕಥೆಗೆ 40 ಅಂಕ, ನಟನೆಗೆ 30, ಶೀರ್ಷಿಕೆ ಗೀತೆಗೆ 10, ಅತ್ತೆಗೆ 20. ಅತ್ತೆಗೇಕೆ ಪ್ರತ್ಯೇಕ ಅಂಕವೆಂದು ಕೇಳಿದ್ದಕ್ಕೆ, “ಕನ್ನಡ ಸೀರಿಯಲ್ಲಿನಲ್ಲಿ ಮಿಕ್ಕಿದ್ದೆಲ್ಲ ಐಚ್ಛಿಕ, ಅತ್ತೆ ಕಡ್ಡಾಯ ವಿಷಯ” ಎಂದರು. ‘ಗೃಹಭಂಗ’ದ ಗಂಗಮ್ಮನಿಗೆ ಆ ಕಾಲಮ್ಮಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು. ಭೈರಪ್ಪನವರ ಕಾದಂಬರಿ ಓದಿದವರು ಯಾರೂ ಇದಕ್ಕೆ ತಕರಾರು ತೆಗೆಯಲಾರರು. ಆದರೆ ಗಿರೀಶ ಕಾಸರವಳ್ಳಿಯವರ ಆ ಧಾರಾವಾಹಿಯನ್ನು ಭಾವನವರು ಮೆಚ್ಚಿದ ನಿಜವಾದ ಕಾರಣ ಬೇರೆ ಎಂದು ನನ್ನ ಗುಮಾನಿ. ಕೆಲಸಕ್ಕೆ ಬಾರದ ಗಂಡನ ಶಾನುಭೋಗಿಕೆಯ ಲೆಕ್ಕವನ್ನೆಲ್ಲ ನಂಜಮ್ಮ ತಾನೇ ಕೂತು ಬರೆಯುತ್ತಾಳಲ್ಲ, ಕಂದಾಯ ಇಲಾಖೆಯ ಕೆಲಸ ಗೊತ್ತಿರುವ ನಾಯಕಿ ಅವರಿಗೆ ಇನ್ನೆಲ್ಲಿ ಸಿಗಬೇಕು!

‘ಮಾಲ್ಗುಡಿ ಡೇಸ್’ಗೆ ಅತ್ತೆಯೇ ಇಲ್ಲದ್ದರಿಂದ ಆ ಅಂಕಗಳನ್ನು ಸ್ವಾಮಿಯ ಅಜ್ಜಿಗೆ ವರ್ಗಾಯಿಸಲಾಗಿದೆ. ಮೊದಲ ಸ್ಥಾನದ ಬಗ್ಗೆ ಚರ್ಚೆಗೆ ಅವಕಾಶವಿಲ್ಲ. ಒಮ್ಮೆ ನಮ್ಮ ಮನೆಯಲ್ಲಿ ಯಾರೋ ಹುಡುಗರು “ಅದು ಹಿಂದಿ ಸೀರಿಯಲ್ ಅಲ್ವಾ ಅಂಕಲ್?” ಎಂದುಬಿಟ್ಟರು. ಭಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ತೆಗೆದವನು ಶಂಕರ್‌ನಾಗ್. ತೆಗೆದಿದ್ದು ಆಗುಂಬೆಯಲ್ಲಿ. ಸ್ವಾಮಿ ನಮ್ಮ ಮಂಜುನಾಥ, ಅವನಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಆಗುಂಬೆ ಮಳೆ ಯಾವ ಭಾಷೇಲಿ ಬೀಳುತ್ತಪ್ಪಾ?” ಹುಡುಗರು ಸುಮ್ಮನಾದರು. ನಾನೂ. ಇಂಥ ಸಂದರ್ಭಗಳಲ್ಲಿ ಮಾತ್ರ ನನಗೆ ಭಾವನವರ ಬಗ್ಗೆ ಹೆಮ್ಮೆ ಉಕ್ಕುತ್ತದೆ, ಅದೂ ಅವರು ಮುಂದಿನ ವಾಕ್ಯ ಶುರುಮಾಡುವವರೆಗೆ.

ಅವರ ನಿಯಮಗಳೂ ಕಠಿಣ. ನಡೆಯುತ್ತಿರುವ ಧಾರಾವಾಹಿಗೆ ರ‍್ಯಾಂಕ್ ಇಲ್ಲ, ಮುಗಿದ ಮೇಲಷ್ಟೇ ಮೌಲ್ಯಮಾಪನ. ನಮ್ಮ ಧಾರಾವಾಹಿಗಳು ಮುಗಿಯುವುದೇ ಇಲ್ಲವಾದ್ದರಿಂದ ಡೈರಿಯ ಎಷ್ಟೋ ಪುಟಗಳಲ್ಲಿ ‘ಫಲಿತಾಂಶ ತಡೆಹಿಡಿಯಲಾಗಿದೆ’ ಎಂದಿದೆ. ‘ಅಗ್ನಿಸಾಕ್ಷಿ’ 2013ರ ಕೊನೆಯಲ್ಲಿ ಶುರುವಾಗಿ 2020ರಲ್ಲಿ ಮುಗಿಯುವವರೆಗೆ ಚಂದ್ರಿಕಾಳ ಅಂಕಗಳನ್ನು ಪೆನ್ಸಿಲ್ಲಿನಲ್ಲೇ ಬರೆದಿಟ್ಟಿದ್ದರು. 2022ರಲ್ಲಿ ‘ಮತ್ತೆ ಮಾಯಾಮೃಗ’ ಬಂದಾಗ ಹಳೆಯ ‘ಮಾಯಾಮೃಗ’ದ ಎರಡನೇ ಸ್ಥಾನ ಇದಕ್ಕೂ ಸಲ್ಲುತ್ತದೆಯೇ ಎಂದು ನಾನು ಮುಗ್ಧವಾಗಿ ಕೇಳಿದೆ. “ಅಪ್ಪನ ಪೆನ್ಷನ್ ಮಗನಿಗೆ ಬರುತ್ತೇನಪ್ಪಾ?” ಎಂದು ಕಡತ ಮುಚ್ಚಿದರು. ಗುರುವಾರ ಗುರುವಾರ ಬರುವ ಟಿಆರ್‌ಪಿಯನ್ನು ಅವರು ಒಪ್ಪುವುದಿಲ್ಲ. “ಅದು ಎಷ್ಟು ಜನ ನೋಡಿದ್ರು ಅನ್ನೋ ಲೆಕ್ಕ. ನನ್ನದು ನೋಡಬೇಕಿತ್ತೋ ಇಲ್ಲವೋ ಅನ್ನೋ ಲೆಕ್ಕ.” ‘ಬಿಗ್ ಬಾಸ್’ ಧಾರಾವಾಹಿಯೇ ಅಲ್ಲ, ಅದಕ್ಕೆ ಪುಟ ಕೊಡುವುದಿಲ್ಲ ಎಂದು ಘೋಷಿಸಿದ್ದಾರೆ. ಡೈರಿಯ ಹಿಂಬದಿಯಿಂದ ತೆರೆದರೆ, ವಿಜಯ್ ರಾಘವೇಂದ್ರ ಗೆದ್ದ ಮೊದಲ ಸೀಸನ್ನಿನಿಂದ ಹಿಡಿದು ಯಾರು ಗೆಲ್ಲಬೇಕಿತ್ತು, ಯಾರು ಗೆದ್ದರು ಎಂಬ ಷರಾ ಸಮೇತ ಎಲ್ಲವೂ ಸಣ್ಣಕ್ಷರದಲ್ಲಿದೆ. ನೋಡಿದ್ದೇನೆಂದು ಅವರಿಗೆ ತಿಳಿಯದು. ದಯವಿಟ್ಟು ಯಾರೂ ಹೇಳಬೇಡಿ.

ಇನ್ನು ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆ.

ದಾವಣಗೆರೆ ಕಡೆಯವರು. ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಅವನ ತಂದೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅತ್ತಿಗೆ ಬೆಳಿಗ್ಗೆಯೇ ನನ್ನನ್ನು ಅಡುಗೆಮನೆಗೆ ಕರೆದು, “ಏನಾದ್ರೂ ಮಾಡಿ, ಇವರು ಆ ಡೈರಿ ತೆಗೆಯದ ಹಾಗೆ ನೋಡ್ಕೊಳ್ಳಿ” ಎಂದು ಕೈ ಮುಗಿಯುವುದೊಂದು ಬಾಕಿ. ಕೇಸರಿಭಾತು, ಉಪ್ಪಿಟ್ಟು, ಬಾಳೆಹಣ್ಣಿನವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಕಾಫಿ ಬರುವ ಮೊದಲು ಒಂದು ಮೌನ ಬರುತ್ತದೆ ನೋಡಿ, ಎರಡೂ ಕಡೆಯವರು ಫ್ಯಾನು ನೋಡುವ ಹೊತ್ತು. ಆ ಸಂದಿನಲ್ಲಿ ಭಾವನವರು ನುಗ್ಗಿದರು.

“ಮೇಷ್ಟ್ರೇ, ನಿಮ್ಮ ಮೂರನೆಯದು ಯಾವುದು?”

ವಿಷಯ ವಿವರಿಸಿದ ಮೇಲೆ ಮೇಷ್ಟ್ರು ಒಂದು ಕ್ಷಣವೂ ಯೋಚಿಸದೆ ಹೇಳಿದರು: “ಮೂರನೆಯದು ಯಾಕೆ, ನಮ್ಮ ಮನೇಲಿ ಮೊದಲನೆಯದೇ ‘ಪುಟ್ಟಗೌರಿ ಮದುವೆ’.”

ಅತ್ತಿಗೆ ಬಾಗಿಲ ಪರದೆಯ ಹಿಂದೆ ಗೋಡೆ ಹಿಡಿದುಕೊಂಡರು. ‘ಪುಟ್ಟಗೌರಿ’ ಭಾವನವರ ಪಟ್ಟಿಯಲ್ಲಿ ಎಲ್ಲಿದೆಯೆಂಬುದು ಅವರಿಗೆ ಗೊತ್ತು. “ಅದು ಹಿಂದಿಯ ‘ಬಾಲಿಕಾ ವಧು’ವಿನ ರೀಮೇಕು” ಎಂದು ಭಾವನವರು ಮೆಲ್ಲಗೆ ಶುರುಮಾಡಿದರು. “ನಿಮ್ಮ ‘ಮಾಲ್ಗುಡಿ’ ಇಂಗ್ಲಿಷ್ ಪುಸ್ತಕ” ಎಂದು ಮೇಷ್ಟ್ರು ಮೆಲ್ಲಗೇ ಮುಗಿಸಿದರು. “ಗೌರಿ ಕಾಡುಪಾಲಾಗಿ ಅಷ್ಟು ದಿನ ಅಲೆದಳಲ್ಲ, ಊರೆಲ್ಲ ನಗಲಿಲ್ಲವೇ?” “ನಕ್ಕವರೆಲ್ಲ ಮರುದಿನ ಸಂಜೆ ಮತ್ತೆ ಟಿವಿ ಮುಂದೆ ಕೂತಿದ್ರು.” “ಕಥೆ?” “ನಮ್ಮ ಅಜ್ಜಮ್ಮ ಒಬ್ಬಳು ಸಾಕು ಸಾರ್, ಕಥೆ ಯಾಕೆ ಬೇಕು?”

ಅತ್ತೆ ಕಾಲಮ್ಮಿಗೆ ಸಂಬಂಧಪಟ್ಟ ಮಾತು ಬಂದದ್ದೇ ತಡ, ಭಾವನವರು ಡೈರಿ ತಂದೇ ಬಿಟ್ಟರು. ಅಂಕಗಳ ಆಧಾರದ ಮೇಲೆ ಎದುರಾಳಿಯನ್ನು ಮಣಿಸುವ ಉಮೇದು. ಆದರೆ ಜೀವಮಾನವಿಡೀ ಅಂಕ ಕೂಡಿದ ಮನುಷ್ಯನ ಕೈಗೆ ತಮ್ಮ ಅಂಕಪಟ್ಟಿ ಕೊಡುತ್ತಿದ್ದೇವೆಂಬುದು ಅವರಿಗೆ ಹೊಳೆಯಲಿಲ್ಲ. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು. (ನಿವೃತ್ತರಾದ ಮೇಲೂ ಮೇಷ್ಟ್ರುಗಳು ಕೆಂಪು ಪೆನ್ನು ಇಟ್ಟುಕೊಳ್ಳುತ್ತಾರೆ, ಮದುವೆ ಪತ್ರಿಕೆಯಲ್ಲಿ ಕಾಗುಣಿತ ತಿದ್ದಲು ಬೇಕಾಗುತ್ತದೆ.) ಪುಟ ತಿರುವುತ್ತಾ ಬಂದು ‘ಮಾಯಾಮೃಗ’ದಲ್ಲಿ ನಿಂತರು.

“36, 27, 10, 10. ಒಟ್ಟು 83. ನೀವು 93 ಬರ್ದಿದ್ದೀರಿ. ದಶಕ ಒಂದು ಜಾಸ್ತಿ ಆಗಿದೆ ಸಾರ್.”

ನಾನು ಆ ಮನೆಯಲ್ಲಿ ಅಂಥ ನಿಶ್ಶಬ್ದ ಕೇಳಿರಲಿಲ್ಲ. 83 ಎಂದರೆ ‘ಮಾಯಾಮೃಗ’ 91ರ ‘ಗೃಹಭಂಗ’ಕ್ಕಿಂತ ಕೆಳಗಿಳಿಯುತ್ತದೆ. ಇಷ್ಟು ವರ್ಷ ಎರಡನೆಯದೆಂದು ನಂಬಿದ್ದು ಎರಡನೆಯದಲ್ಲ, ಮೂರನೆಯದೆಂದು ಸಾರಿದ್ದು ಮೂರನೆಯದಲ್ಲ. ಇದರ ಮೇಲೆ ಎಷ್ಟು ಜನರ ಯೋಗ್ಯತೆ ಅಳೆದಿದ್ದರು, ಅಲ್ಲಿ ಕೂತಿದ್ದ ನನ್ನದೂ ಸೇರಿ!

“ಅದು ಗ್ರೇಸ್ ಮಾರ್ಕ್ಸು” ಎಂದರು ಭಾವನವರು, ಗಂಟಲು ಸರಿಮಾಡಿಕೊಂಡು. “ಶೀರ್ಷಿಕೆ ಗೀತೆಗೆ. ಅಶ್ವತ್ಥ್ ಅವರ ಸಂಗೀತ.”

“ಅಂದ್ರೆ ಹತ್ತಕ್ಕೆ ಇಪ್ಪತ್ತು ಕೊಟ್ಟಿದ್ದೀರಿ.”

“ಹೌದು. ಕೊಟ್ಟಿದ್ದೀನಿ.”

ಹುಡುಗಿ ಕಾಫಿ ತಂದದ್ದನ್ನು ಇಬ್ಬರೂ ಗಮನಿಸಲಿಲ್ಲ. ಹುಡುಗನಿಗೆ ಇದು ತಮಾಷೆಯೆನ್ನಿಸಿರಬೇಕು, ಲೋಟ ತೆಗೆದುಕೊಳ್ಳುತ್ತಾ ಸಹಜವಾಗಿ ಹೇಳಿದ: “ನಮ್ಮ ರೂಮಲ್ಲಿ ಟಿವಿನೇ ಇಲ್ಲ ಅಂಕಲ್. ಫೋನಲ್ಲಿ ಕೊರಿಯನ್ ಸೀರೀಸ್ ನೋಡ್ತೀನಿ. ಕನ್ನಡದ್ದು ಒಂದೂ ನೋಡಿಲ್ಲ.”

ಇಬ್ಬರು ಹಿರಿಯರೂ ಒಟ್ಟಿಗೆ ಅವನತ್ತ ತಿರುಗಿದರು. “ಒಂದೂ?” ಎಂದರು ಮೇಷ್ಟ್ರು. “‘ಮಾಲ್ಗುಡಿ’ನೂ?” ಎಂದರು ಭಾವನವರು. “ನಾನು ಎಷ್ಟು ಹೇಳಿದೀನಿ ಸಾರ್ ಇವನಿಗೆ” ಎಂದು ಮೇಷ್ಟ್ರು ನೊಂದು ನುಡಿದರು. ಭಾವನವರು ಅವರ ಭುಜದ ಮೇಲೆ ಕೈಯಿಟ್ಟರು. ಸಂಬಂಧ ಕುದುರಿದ್ದು ಆ ಗಳಿಗೆಯಲ್ಲಿ. ಹುಡುಗ ಹುಡುಗಿ ಒಪ್ಪಿಕೊಂಡದ್ದು ಆಮೇಲೆ, ಅದೊಂದು ಶಾಸ್ತ್ರಕ್ಕೆ.

ಎಲ್ಲರೂ ಹೋದ ಮೇಲೆ ಭಾವನವರು ಡೈರಿ ಹಿಡಿದು ಕೂತಿದ್ದರು. ಸಮಾಧಾನ ಹೇಳೋಣವೆಂದು ಹತ್ತಿರ ಹೋಗಿ, ಮಾತು ಬೇರೆ ಕಡೆ ತಿರುಗಿಸಲು, ನಾಲ್ಕನೆಯ ಸ್ಥಾನದಲ್ಲಿರುವ ‘ಗುಡ್ಡದ ಭೂತ’ದ ಕಥೆ ಏನೆಂದು ಕೇಳಿದೆ. ಸದಾನಂದ ಸುವರ್ಣರದ್ದು ಎಂದರು. ಪ್ರಕಾಶ್ ರೈ ಆಗಿನ್ನೂ ಹೊಸಬ ಎಂದರು. ಆ ಹಾಡು ಎಂದರು. ಕಥೆ ಮಾತ್ರ ಹೊರಡಲಿಲ್ಲ. ಕೊನೆಗೆ ತಿಳಿದದ್ದಿಷ್ಟು. ಅವರು ಕೆಲಸಕ್ಕೆ ಸೇರಿದ ಸಣ್ಣ ಊರಿನಲ್ಲಿ ಪೋಸ್ಟ್‌ಮಾಸ್ಟರ ಮನೆಯಲ್ಲಿ ಮಾತ್ರ ಟಿವಿ, ಜಾರುಬಾಗಿಲಿನ ಡಯನೋರಾ. ಬೀದಿಯವರೆಲ್ಲ ಒಳಗೆ. ಆಂಟೆನಾ ಗಾಳಿಗೆ ತಿರುಗುತ್ತಿತ್ತು. ಮದುವೆಯಾಗದ ಹುಡುಗನೆಂದು ಭಾವನವರನ್ನು ಮಾಳಿಗೆ ಹತ್ತಿಸುತ್ತಿದ್ದರು. “ಬಂತಾ?” ಎಂದು ಮೇಲಿಂದ ಇವರು, “ಬಂತು, ಬಂತು, ಹಾಗೇ ಹಿಡ್ಕೋ” ಎಂದು ಕೆಳಗಿಂದ ಜನ. ಕಂತು ಮುಗಿಯುವವರೆಗೆ ಕೊಳವೆ ಹಿಡಿದುಕೊಂಡು ನಿಂತಿರುತ್ತಿದ್ದರು. ‘ಗುಡ್ಡದ ಭೂತ’ವನ್ನು ಅವರು ನೋಡಿಯೇ ಇಲ್ಲ. ಹೆಂಚಿನ ಸಂದಿಯಿಂದ ಹಾಡು ಕೇಳಿದ್ದಾರೆ, ಜನ ಹೆದರಿ ಕಿರುಚಿದ್ದನ್ನು ಕೇಳಿದ್ದಾರೆ. ಅದಕ್ಕೆ ಕಥೆಯಲ್ಲಿ 38.

ನಗಬೇಕೆಂದು ಬಾಯಿ ತೆರೆದವನು ನಗಲಿಲ್ಲ. ರ‍್ಯಾಂಕ್ ಎಂಬುದಕ್ಕೆ ಎಲ್ಲರೂ ಒಂದೇ ಪರೀಕ್ಷೆಗೆ ಕೂತಿರಬೇಕು. ಒಂದು ಕಾಲದಲ್ಲಿ ಕೂತಿದ್ದೆವು. ಇದ್ದದ್ದೊಂದು ದೂರದರ್ಶನ, ಇದ್ದದ್ದೊಂದು ಪೋಸ್ಟ್‌ಮಾಸ್ಟರ ಮನೆ. ಆಗ ನಾಲ್ಕನೆಯದು ಯಾವುದೆಂದು ಜಗಳವಾಡಲು ಇಡೀ ಬೀದಿಗೆ ಹಕ್ಕಿತ್ತು. ಈಗ ಒಂದೇ ಮನೆಯ ನಾಲ್ವರು ನಾಲ್ಕು ಫೋನಿನಲ್ಲಿ ನಾಲ್ಕು ದೇಶದ ಕಥೆ ನೋಡುತ್ತಾರೆ, ಯಾರನ್ನು ಯಾರು ಸೋಲಿಸುವುದು? ಪಾಪ, ಜಗಳಕ್ಕೆ ಜನ ಸಿಗದೆ ಭಾವನವರು... ಹೀಗೆ ನನ್ನ ಕಣ್ಣು ಮಂಜಾಗುತ್ತಿದ್ದಂತೆ ಅವರು ಪೆನ್ನು ಕೈಗೆ ಕೊಟ್ಟು, ಎಲ್ಲ ಪುಟಗಳ ಕೂಡುವ ಲೆಕ್ಕವನ್ನೂ ಮತ್ತೊಮ್ಮೆ ಪರಿಶೀಲಿಸುವಂತೆ ಹೇಳಿ ಮಲಗಲು ಹೋದರು. ರಾತ್ರಿ ಹನ್ನೊಂದಾಗಿತ್ತು.

ಮದುವೆ ನಡೆಯಿತು. ‘ಮಾಯಾಮೃಗ’ 93ರಲ್ಲೇ ಇದೆ. ಪಕ್ಕದಲ್ಲಿ ಮೇಷ್ಟ್ರ ಕೆಂಪು ಸಹಿಯೊಡನೆ ‘ಗ್ರೇಸ್ ಮಂಜೂರು’ ಎಂದು ಸೇರಿದೆ. ಬದಲಿಗೆ ‘ಪುಟ್ಟಗೌರಿ’ ಎರಡು ಸ್ಥಾನ ಮೇಲೆ ಬಂದಿದೆ. ಬೀಗರೊಳಗಿನ ಒಪ್ಪಂದ, ನಾವು ಕೇಳುವಂತಿಲ್ಲ. ಹೊಸ ದಂಪತಿಗೆ ಭಾವನವರು ಟಿವಿ ಕೊಡಿಸಿದರು, ಇದು ವರದಕ್ಷಿಣೆಯಲ್ಲ, ವಯಸ್ಕರ ಶಿಕ್ಷಣ ಎಂದು ಎಲ್ಲರೆದುರು ಘೋಷಿಸಿ. ಹೋದ ತಿಂಗಳು ಮಗಳ ಮನೆಗೆ ಹೋದವರು ಅಳಿಯನ ಜೊತೆ ಅದೇ ಟಿವಿಯಲ್ಲಿ ಒಂದು ಕೊರಿಯನ್ ಸೀರಿಯಲ್ಲನ್ನು ಪೂರ್ತಿ ನೋಡಿ ಬಂದಿದ್ದಾರೆ. ಹದಿನಾರೇ ಕಂತಿಗೆ ಮುಗಿದುಹೋಯಿತಂತೆ. ಮುಗಿಯುವ ಧಾರಾವಾಹಿ ಕಂಡು ಮೊದಲು ಮೋಸವಾಯಿತೆಂದುಕೊಂಡರಂತೆ. ಡೈರಿಯಲ್ಲಿ ಹೊಸ ಪುಟ ತೆರೆದಿದೆ. ಕಥೆಗೆ 22, ನಟನೆಗೆ 19, ಹಾಡು ಅರ್ಥವಾಗದ್ದರಿಂದ ಸೊನ್ನೆ. ಆದರೆ ನಾಯಕನ ಶ್ರೀಮಂತ ತಾಯಿ ಬಡ ಹುಡುಗಿಯನ್ನು ಹೋಟೆಲಿಗೆ ಕರೆಸಿ, ದುಡ್ಡಿನ ಲಕೋಟೆ ಮುಂದಿಟ್ಟು, ನನ್ನ ಮಗನ ಸಹವಾಸ ಬಿಡು ಎನ್ನುತ್ತಾಳಂತೆ. ಗಂಗಮ್ಮನ ತರುವಾಯ ಅತ್ತೆ ಕಾಲಮ್ಮಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಪಡೆದವಳು ಈಕೆಯೊಬ್ಬಳೇ.