ಇನ್ನೊಂದು ಗೋಕಾಕ ವರದಿ

ಗೋಕಾಕ ವರದಿ ಎಂದೊಡನೆ ಕನ್ನಡಿಗರ ಕಿವಿ ನಿಮಿರುತ್ತದೆ. ಆದ್ದರಿಂದ ಮೊದಲೇ ತಪ್ಪೊಪ್ಪಿಗೆ: 1980ರಲ್ಲಿ ಸಮಿತಿಯಾಗಿ, 1981ರಲ್ಲಿ ಸಲ್ಲಿಕೆಯಾಗಿ, 1982ರಲ್ಲಿ ಡಾ. ರಾಜಕುಮಾರ್ ಅವರನ್ನೇ ಬೀದಿಗಿಳಿಸಿದ ಆ ವರದಿಗೂ ಇದಕ್ಕೂ ಸಂಬಂಧವಿಲ್ಲ. ಹಾಗೆ ನೋಡಿದರೆ ಆ ವರದಿಗೂ ಗೋಕಾಕ ಊರಿಗೂ ಹೆಸರಿನ ನಂಟು ಬಿಟ್ಟರೆ ಬೇರೇನಿಲ್ಲ. ಸಮಿತಿಯ ಅಧ್ಯಕ್ಷರಾದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಗೋಕಾಕದಲ್ಲೇ ಉಳಿದು, ಗೋಕಾಕದ ಚಹಾ ಕುಡಿದು, ಗೋಕಾಕದ ಸೊಳ್ಳೆಯಿಂದ ಕಚ್ಚಿಸಿಕೊಂಡು ಬರೆದ ಗೋಕಾಕ ವರದಿ ಇದು. ಉದ್ದ ಕಡಿಮೆ, ತುರಿಕೆ ಹೆಚ್ಚು.

ಸಂಶೋಧನೆಗೆ ಪ್ರೇರಣೆ ನನ್ನ ಹೆಂಡತಿಯ ತಮ್ಮ. ಅವನು ಭೂಮಧ್ಯ ಸಮುದ್ರದ ರೋಡ್ಸ್ ದ್ವೀಪಕ್ಕೆ ಹೋಗಿ, ಕೋಟೆಯೊಳಗಿನ ಹಳೇ ಪೇಟೆಯ ಪುಟ್ಟ ಹೋಟೆಲಿನಲ್ಲಿ ನಾಲ್ಕು ದಿನ ಇದ್ದ. ಬಂದಮೇಲೆ ನಾಲ್ಕು ತಿಂಗಳು ಅದನ್ನೇ ಹೇಳಿದ. ಕಲ್ಲು ಹಾಸಿದ ಓಣಿಯಂತೆ, ಕಿಟಕಿ ತೆರೆದರೆ ಸಮುದ್ರವಂತೆ, ಬೆಳಗಿನ ತಿಂಡಿಗೆ ಆಲಿವ್ ಕಾಯಂತೆ. ಅವನ ಫೋಟೋಗಳನ್ನು ತಾಳೆಗರಿ ಓದುವವರ ಶ್ರದ್ಧೆಯಿಂದ ಪರಿಶೀಲಿಸಿದೆ. ಮೂರನೆಯ ಫೋಟೋದ ಅಂಚಿನಲ್ಲಿ, ಕಿಟಕಿಗೆ ಒತ್ತಿಕೊಂಡು ಒಂದು ಕುರ್ಚಿ ಇತ್ತು. ಸಮುದ್ರ ಕಾಣಬೇಕಾದರೆ ಅದನ್ನು ಹತ್ತಬೇಕು ಎಂಬುದು ಅಲ್ಲಿಗೆ ಸಿದ್ಧವಾಯಿತು. ಕುರ್ಚಿ ಹತ್ತಲು ಅಷ್ಟು ದೂರವೇಕೆ ಹೋಗಬೇಕು ಎಂಬ ಪ್ರಶ್ನೆಯಿಂದ ಈ ಪ್ರಬಂಧ ಹುಟ್ಟಿತು. ಅವರಿಗೆ ರೋಡ್ಸ್ ಇದ್ದರೆ ನಮಗೆ ಗೋಕಾಕ ರೋಡ್ ಇದೆ. ರೈಲು ನಿಲ್ದಾಣದ ಹೆಸರೇ ಅದು. ಅವರದು ಬಹುವಚನ, ನಮ್ಮದು ಏಕವಚನ. ನೀರಿನ ವಿಷಯಕ್ಕೆ ಬಂದಾಗ ಈ ಲೆಕ್ಕ ತಿರುಗಿಬೀಳುತ್ತದೆ, ಅದನ್ನು ಮುಂದೆ ನೋಡೋಣ.

ಮೊದಲು ಪೂರ್ವೇತಿಹಾಸ. ರೋಡ್ಸ್ ಊರನ್ನು ಹದಿನಾಲ್ಕನೆಯ ಶತಮಾನದಿಂದ ಇನ್ನೂರು ವರ್ಷ ಆಳಿದವರು ಸಂತ ಜಾನ್ ಪಂಥದ ಯೋಧರು. ಯಾತ್ರಿಕರಿಗೆ ಆಸ್ಪತ್ರೆ ನಡೆಸುತ್ತ ಶುರುವಾಗಿ ಕತ್ತಿ ಹಿಡಿದ ಪಂಥ ಅದು. ಇವರು ತಮ್ಮನ್ನು ‘ನಾಲಿಗೆ’ಗಳಾಗಿ, ಅಂದರೆ ಭಾಷೆಗಳಾಗಿ ವಿಂಗಡಿಸಿಕೊಂಡಿದ್ದರು. ಫ್ರೆಂಚ್ ಮಾತಿನವರಿಗೊಂದು ವಸತಿಗೃಹ, ಇಟಲಿಯವರಿಗೊಂದು, ಇಂಗ್ಲಿಷರಿಗೊಂದು. ಆ ಕಲ್ಲುಕಟ್ಟಡಗಳಲ್ಲಿ ಹಲವು ಇಂದಿಗೂ ಸಾಲಾಗಿ ನಿಂತಿವೆ. ಅಂದರೆ, ರಾಜ್ಯಗಳನ್ನು ಭಾಷಾವಾರು ಮಾಡಲು ನಾವು 1956ರವರೆಗೆ ಕಾದರೆ, ಅವರು ಲಾಡ್ಜುಗಳನ್ನೇ ಭಾಷಾವಾರು ಮಾಡಿ ಮುಗಿಸಿದ್ದರು. ಬೆಳಗಾವಿ ಜಿಲ್ಲೆಯಲ್ಲಿ ಕೂತು ಈ ವಿಷಯವನ್ನು ಇನ್ನಷ್ಟು ವಿಸ್ತರಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮುಂದಕ್ಕೆ ಹೋಗುತ್ತೇನೆ.

1522ರಲ್ಲಿ ತುರ್ಕರ ಸುಲ್ತಾನ ಸುಲೇಮಾನ ರೋಡ್ಸ್‌ಗೆ ಮುತ್ತಿಗೆ ಹಾಕಿದ. ಒಳಗಿದ್ದವರನ್ನು ಚೆಕ್ ಔಟ್ ಮಾಡಿಸಲು ಅವನಿಗೆ ಆರು ತಿಂಗಳು ಹಿಡಿಯಿತು. ಅದೇ ಕಾಲಕ್ಕೆ ವಿಜಯಪುರದಲ್ಲಿ ಇಸ್ಮಾಯಿಲ್ ಆದಿಲಶಾಹ ಆಳುತ್ತಿದ್ದ. ಅವನಪ್ಪ ಯೂಸುಫ್ ತುರ್ಕರ ಅರಮನೆಯ ಕುವರ, ಎರಡನೆಯ ಮುರಾದನ ಮಗ, ಅಣ್ಣನ ಕತ್ತಿಯಿಂದ ತಪ್ಪಿಸಿಕೊಂಡು ಬಂದವನು ಎಂದು ಚರಿತ್ರೆಕಾರ ಫಿರಿಸ್ತಾ ಬರೆದಿದ್ದಾನೆ. ಇತಿಹಾಸದ ಪ್ರಾಧ್ಯಾಪಕರು ಇದನ್ನು ನಂಬುವುದಿಲ್ಲ. ನನ್ನ ಪ್ರಬಂಧಕ್ಕೆ ಬೇಕಾಗಿರುವುದರಿಂದ ನಾನು ನಂಬುತ್ತೇನೆ. ಸಂಶೋಧನಾ ವಿಧಾನವೆಂದರೆ ಬಹುಮಟ್ಟಿಗೆ ಇದೇ. ಫಿರಿಸ್ತಾನ ಪ್ರಕಾರ ಸುಲೇಮಾನನ ಅಜ್ಜನಿಗೆ ಇಸ್ಮಾಯಿಲ್ ಸ್ವಂತ ಚಿಕ್ಕಪ್ಪನ ಮಗ. ರೋಡ್ಸ್ ಒಬ್ಬ ದಾಯಾದಿಯದು, ಗೋಕಾಕದ ನೆರೆಯ ಹುಕ್ಕೇರಿ ಇನ್ನೊಬ್ಬ ದಾಯಾದಿಯದು. ನಮ್ಮ ಕಡೆ ಇದಕ್ಕಿಂತ ತೆಳುವಾದ ನಂಟು ಹೇಳಿಕೊಂಡು ಮದುವೆಗೆ ಬಂದು, ಮೂರು ದಿನ ಉಂಡು, ಬುತ್ತಿ ಕಟ್ಟಿಸಿಕೊಂಡು ಹೋದವರನ್ನು ನಾನೇ ಬಲ್ಲೆ.

‘ಎಲ್ಲ ಸರಿ, ಸಮುದ್ರ ಎಲ್ಲಿ?’ ಎಂಬುದು ಪೂರ್ವಪಕ್ಷ. ಭೂಮಧ್ಯ ಸಮುದ್ರ ಎಂಬ ಸಮಾಸವನ್ನು ಬಿಡಿಸಿ ನೋಡಿ. ಗೋಕಾಕ, ಅದರ ಅಕ್ಕಪಕ್ಕದ ಮೂಡಲಗಿ, ಹುಕ್ಕೇರಿ ಮೂರೂ ನಿಸ್ಸಂಶಯವಾಗಿ ಭೂಮಿಯ ಮಧ್ಯದಲ್ಲಿವೆ. ಸಮಾಸದ ಪೂರ್ವಪದ ಸಿಕ್ಕಿತು, ಉತ್ತರಪದವಷ್ಟೇ ಬಾಕಿ. ಅದಕ್ಕೂ ಸಮಾಧಾನವುಂಟು. ಹದಿನಾರನೆಯ ಶತಮಾನದ ಆರಂಭದಲ್ಲಿ ಹುಕ್ಕೇರಿಯನ್ನು ಜಹಗೀರಾಗಿ ಪಡೆದ ಆದಿಲಶಾಹಿ ಸರದಾರನ ಹೆಸರು ಐನ್-ಉಲ್-ಮುಲ್ಕ್ ಗಿಲಾನಿ. ಗಿಲಾನ್ ಇರುವುದು ಕ್ಯಾಸ್ಪಿಯನ್ ದಂಡೆಯಲ್ಲಿ. ಕ್ಯಾಸ್ಪಿಯನ್ ಎಂಬುದು ಸುತ್ತ ನೆಲವಿರುವ ಸರೋವರ. ಜಗತ್ತು ಅದನ್ನು ಸಮುದ್ರವೆಂದೇ ಕರೆಯುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಹಾಗಾದರೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಮಾಡಿದ ಪಾಪವೇನು? ಸುಮಾರು 51 ಟಿಎಂಸಿ ನೀರು. ದಂಡೆಯಲ್ಲಿ ನಿಂತರೆ ಅಲೆಯೂ ಉಂಟು. ಮುಳುಗಿದ ನಗರಗಳು ಭೂಮಧ್ಯ ಸಮುದ್ರಕ್ಕೆ ಶೋಭೆ ಎನ್ನುವವರಿಗೆ ಇಲ್ಲಿ ಹುನ್ನೂರಿನ ವಿಠ್ಠಲನ ಗುಡಿಯಿದೆ. ಅಣೆ ತುಂಬಿದಾಗ ವಿಠ್ಠಲ ನೀರಿನೊಳಗೆ ಚೆಕ್ ಇನ್ ಮಾಡುತ್ತಾನೆ, ಬೇಸಗೆಯಲ್ಲಿ ಚೆಕ್ ಔಟ್. ಇಷ್ಟು ಶಿಸ್ತಿನ ಅತಿಥಿ ರೋಡ್ಸ್‌ನಲ್ಲಿಲ್ಲ.

ಘಟಪ್ರಭೆಯ ಬಗ್ಗೆ ಮಾತ್ರ ಒಂದು ದೂರು. ಅದು ಹುಟ್ಟುವುದು ಸಹ್ಯಾದ್ರಿಯಲ್ಲಿ, ಅರಬ್ಬೀ ಸಮುದ್ರದ ನೆರೆಯಲ್ಲಿ. ಆದರೆ ಹತ್ತಿರದ ಸಮುದ್ರಕ್ಕೆ ಬೆನ್ನು ಹಾಕಿ, ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಯವರೆಗೆ ಹೋಗುತ್ತದೆ. ನನ್ನ ಹೆಂಡತಿಯ ತಮ್ಮನ ಸ್ವಭಾವವೂ ಇದೇ.

ಇನ್ನು ಕ್ಷೇತ್ರಕಾರ್ಯ. ಆಗಸ್ಟಿನ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಗೋಕಾಕ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿರುವ ಲಾಡ್ಜೊಂದರ ಮೆಟ್ಟಿಲು ಹತ್ತಿದೆ. ಹೆಸರು ಹೇಳುವುದಿಲ್ಲ. ಕೆಳಗೆ ಖಾನಾವಳಿ, ಮೇಲೆ ಹನ್ನೆರಡು ಕೋಣೆ, ಮೇಜಿನ ಮೇಲೆ ಊದುಬತ್ತಿ, ಊದುಬತ್ತಿಯ ಹಿಂದೆ ಮ್ಯಾನೇಜರು, ಅವರ ಮುಂದೆ ರಿಜಿಸ್ಟರು. ಹೆಸರು, ಊರು, ವಯಸ್ಸು ಬರೆದಾಯಿತು. ಆಮೇಲೆ ‘ಬಂದ ಕಾರಣ’ ಎಂಬ ಕಾಲಂ.

“ಏನ್ ಕೆಲಸದ ಮ್ಯಾಲ ಬಂದೀರಿ ಸರ?”

“ಕೆಲಸ ಏನಿಲ್ಲ. ಎರಡು ದಿನ ಇದ್ದು ಹೋಗೋಣ ಅಂತ.”

“ಕೋರ್ಟ್ ಕೇಸ್ ಐತೇನ್ರಿ?”

“ಇಲ್ಲ.”

“ಕನ್ಯಾ ನೋಡಾಕ? ಮಗನ ಸಲುವಾಗಿ?”

“ಮಗ ಇನ್ನೂ ಏಳನೇ ಕ್ಲಾಸು.”

“ಮತ್ತ ಔಷಧದ ಕಂಪನೀನಾ? ಬ್ಯಾಗ್ ನೋಡಿದ್ರ ಹಂಗ ಕಾಣಸ್ತೈತಿ.”

“ಜಲಪಾತ ನೋಡೋಕೆ ಬಂದೆ.”

ಅವರು ಪೆನ್ನು ಕೆಳಗಿಟ್ಟರು. “ಅದನ್ನ ನೋಡಾಕ ಒಂದ ತಾಸ ಸಾಕಲ್ರಿ. ರಾತ್ರಿ ಯಾಕ ಇರ್ತೀರಿ?”

ಈ ಪ್ರಬಂಧದಲ್ಲಿ ಚಿನ್ನದಂಥ ವಾಕ್ಯವೇನಾದರೂ ಇದ್ದರೆ ಅದು ಇದೇ, ಮತ್ತು ಅದು ನನ್ನದಲ್ಲ. ಜಲಪಾತಕ್ಕೆ ಬರುವ ಮಂದಿಗೆ ಲೆಕ್ಕವಿಲ್ಲ. ಬೆಳಿಗ್ಗೆ ಬರುತ್ತಾರೆ, ಸುಟ್ಟ ಗೋವಿನಜೋಳ ತಿನ್ನುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ, ಕರದಂಟಿನ ಡಬ್ಬಿ ಹಿಡಿದು ಸಂಜೆಯ ಬಸ್ಸಿಗೆ ಹೋಗುತ್ತಾರೆ. ರಾತ್ರಿ ಉಳಿಯುವವರ ಗೋತ್ರವೇ ಬೇರೆ. ರಿಜಿಸ್ಟರನ್ನು ತಲೆಕೆಳಗಾಗಿ ಓದಿದಾಗ ಕಂಡದ್ದು: ಕೋರ್ಟ್, ಕಬ್ಬಿನ ಬಿಲ್ಲು, ಮದುವಿ, ದನಾ ತಗೋಳಾಕ, ಮತ್ತ ಕೋರ್ಟ್. ‘ಸುಮ್ಮನೆ’ ಎಂಬ ಜಾತಿಯ ಅತಿಥಿ ಅದರಲ್ಲಿ ಒಬ್ಬನೂ ಇಲ್ಲ. ನನ್ನ ಕಾಲಂ ಖಾಲಿ ಉಳಿಯಿತು. ಕೀಲಿ ಮಾತ್ರ ಸಿಕ್ಕಿತು.

ಕೋಣೆಗೆ ಹೋಗುವ ಮೊದಲು ವಾಡಿಕೆಯಂತೆ ಕೇಳಿದೆ: “ಬಿಸಿನೀರು ಬರುತ್ತಾ?”

“ಬರ್ತಾವ್ರಿ. ಆರಕ್ಕ ಬರ್ತಾವ, ಏಳಕ್ಕ ಹೋಗ್ತಾವ.”

ತುಮಕೂರು ಕಡೆಯವನಾದ ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ನಮ್ಮಲ್ಲಿ ನೀರು ಬರುತ್ತದೆ. ಇಲ್ಲಿ ಬರುತ್ತವೆ, ನೆಂಟರ ಹಾಗೆ ಗುಂಪಾಗಿ, ಹೊತ್ತು ಗೊತ್ತು ಮಾಡಿಕೊಂಡು. ನೀರಿಗೆ ಬಹುವಚನವೇಕೆ? ಮೊದಲ ಊಹೆ: ಹೊಳೆ ಇಲ್ಲಿ 52 ಮೀಟರ್ ಎತ್ತರದಿಂದ ಬೀಳುತ್ತದೆ, ಅಷ್ಟು ಎತ್ತರದಿಂದ ಬಿದ್ದ ಯಾವ ಏಕವಚನವೂ ಇಡಿಯಾಗಿ ಉಳಿಯಲಾರದು. ಅಂದವಾದ ಸಿದ್ಧಾಂತ. ಆದರೆ ಹುಕ್ಕೇರಿಗೆ ಹೋಗಿ ವಿಚಾರಿಸಿದರೆ, ಜಲಪಾತಕ್ಕಿಂತ ಮೇಲಿರುವ ಆ ಸೀಮೆಯಲ್ಲೂ ನೀರು ಬರ್ತಾವ, ಬೀಳುವ ಮೊದಲೇ. ಸಿದ್ಧಾಂತ ಅಲ್ಲಿಗೇ ಬಿತ್ತು. ಎರಡನೆಯ ಊಹೆ ಹೊಳೆದದ್ದು ಬೆಳಿಗ್ಗೆ ಆರಕ್ಕೆ, ಬಚ್ಚಲಲ್ಲಿ. ನಲ್ಲಿ ತಿರುಗಿಸಿ ಬಕೆಟ್ಟು ಹಿಡಿದು ಕೂತೆ. ಒಂದು, ಎರಡು, ಮೂರು. ಎಣಿಸಲು ಬರುವ ವಸ್ತುವಿಗೆ ಬಹುವಚನ ಹಚ್ಚುವುದು ಪೂರ್ತಿ ವ್ಯಾಕರಣಸಮ್ಮತ.

ಬಕೆಟ್ಟು ತುಂಬುವಷ್ಟರಲ್ಲಿ ಕೋಣೆಯ ಶಾಸನಾಧ್ಯಯನ ಮುಗಿಯಿತು. ಬಾಗಿಲ ಹಿಂದೆ ಚೌಕಟ್ಟು ಹಾಕಿದ ಒಂದೇ ಶಾಸನ. ಲಿಪಿ ಕನ್ನಡ, ಕಾಲ ತೇವದಿಂದಾಗಿ ತ್ರುಟಿತ. ಮೊದಲ ಸಾಲು ಚೆಕ್ ಔಟ್ 24 ತಾಸು ಎನ್ನುತ್ತದೆ. ಎರಡನೆಯದು, ಬೆಲೆಯುಳ್ಳ ಸಾಮಾನಿಗೆ ಮ್ಯಾನೇಜರು ಜವಾಬ್ದಾರರಲ್ಲ. ಮೂರನೆಯದು, ಗೋಡೆಗೆ ಸುಣ್ಣ ಒರೆಸಬಾರದು, ಒರೆಸಿದರೆ ದಂಡ. ಹಳೆಯ ದಾನಶಾಸನಗಳಲ್ಲಿ ಧರ್ಮ ಕೆಡಿಸಿದವನಿಗೆ ಗೋಹತ್ಯೆಯ ಪಾಪ ಬರಲೆಂದು ಶಾಪ ಹಾಕುತ್ತಿದ್ದರು. ಇಲ್ಲಿ ಅದು ನಗದಾಗಿದೆ. ಮೇಲ್ಗಡೆ ಸೂರ್ಯಚಂದ್ರರ ಜಾಗದಲ್ಲಿ ಮೂರು ಬೆರಳಿನ ಸುಣ್ಣದ ಗುರುತುಗಳಿವೆ. ತಂಬಾಕು ತಿಕ್ಕಿದವರು ಮೊದಲು ಒರೆಸಿದರೋ, ಶಾಸನ ಮೊದಲು ಬಂತೋ ಎಂಬುದು ಕಾಲನಿರ್ಣಯದ ತೊಡಕು. ನನ್ನ ಮಟ್ಟಿಗೆ ಅವು ಓದುಗರ ಅಂಗೀಕಾರದ ರುಜು.

ಊಟದ ಬಗ್ಗೆ ವಿದ್ವತ್ತು ಬೇಡ. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಆಲಿವ್ ಕಾಯಿ ನೆನಪಾಗಲಿಲ್ಲ. ಕರದಂಟಿನ ವ್ಯುತ್ಪತ್ತಿ ಸುಲಭ, ಕರಿದ ಅಂಟು ಕರದಂಟು: ತುಪ್ಪದಲ್ಲಿ ಅಂಟು ಕರಿದು, ಒಣಕೊಬ್ಬರಿ ಉತ್ತತ್ತಿ ಗೋಡಂಬಿ ಸೇರಿಸಿ, ಬೆಲ್ಲದ ಪಾಕದಲ್ಲಿ ಕಟ್ಟುವುದು. ಅಮೀನಗಡದವರದೂ ಒಂದು ಕರದಂಟು ಇದೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಬರೆದವನಿಗೆ ಯಾವುದಾದರೂ ಒಂದು ಊರಿನಲ್ಲಿ ಲಾಡ್ಜ್ ಸಿಗುವುದಿಲ್ಲ.

ಮೂಡಲಗಿಯ ಅಧ್ಯಾಯ ಚಿಕ್ಕದು. ಅಲ್ಲಿ ದನದ ಸಂತೆಯ ದಟ್ಟಣೆಯಲ್ಲಿ ನನಗೆ ಕೋಣೆ ಸಿಗಲಿಲ್ಲ, ಗೂಟ ಬೇಕಾದಷ್ಟಿದ್ದವು. ಆದರೆ ಮೂಡಲಗಿ ಸೀಮೆಗೆ ಲಾಡ್ಜ್ ಏಕೆ ಅಗತ್ಯವಾಗಿರಲಿಲ್ಲ ಎಂಬುದಕ್ಕೆ ಗಟ್ಟಿ ಕಾರಣವಿದೆ. ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಕಟ್ಟಿದ ಕುಲಗೋಡ ತಮ್ಮಣ್ಣ ಈ ನೆಲದವನು. ಅದನ್ನು ನಾಡಿಗೆಲ್ಲ ಮುಟ್ಟಿಸಿದ ಕೌಜಲಗಿ ನಿಂಗಮ್ಮ ಪಕ್ಕದ ಊರಿನವರು. ಪಾರಿಜಾತ ಶುರುವಾದರೆ ಬೆಳಗಾಗುವವರೆಗೆ ನಡೆಯುತ್ತದೆ. ಸತ್ಯಭಾಮೆ ಮುನಿಸಿಕೊಂಡಿರುವಾಗ ಹಾಸಿಗೆ ಕೇಳುವವರುಂಟೆ? ಪರವೂರಿನವನು ಸಂಜೆ ಬಂದು ಗುಡಿಯ ಮುಂದೆ ಕೂತ, ಬೆಳಿಗ್ಗೆ ಎದ್ದು ಹೋದ. ಬಾಡಿಗೆ ಇಲ್ಲ, ರಿಜಿಸ್ಟರ್ ಇಲ್ಲ. ಭೂಮಧ್ಯ ಸಮುದ್ರದ ಯಾವ ಊರಿಗೂ ಹೊಳೆಯದ ಏರ್ಪಾಡು.

ಹುಕ್ಕೇರಿಯಲ್ಲಿ ಅತ್ಯುತ್ತಮ ವಸತಿ ಸಿಕ್ಕಿರುವುದು ಸತ್ತವರಿಗೆ. ಆದಿಲಶಾಹಿ ಕಾಲದ ಗುಮ್ಮಟಗಳು, ಎತ್ತರದ ಒಳಮೈ, ಗಾಳಿ ಬೆಳಕು ಧಾರಾಳ, ಚೆಕ್ ಔಟ್ ಇಲ್ಲ. ಬದುಕಿರುವವರು ಗೋಡೆಯ ಮೇಲೆ ತಮ್ಮ ಹೆಸರು, ಪಕ್ಕದಲ್ಲಿ ಇನ್ನೊಂದು ಹೆಸರು, ನಡುವೆ ಬಾಣ ಕೆತ್ತಿ ರಿಜಿಸ್ಟರಿನ ಕೊರತೆ ತುಂಬಿದ್ದಾರೆ. ‘ಬಂದ ಕಾರಣ’ವೂ ಅದರಲ್ಲೇ ಸ್ಪಷ್ಟ. ಹುಕ್ಕೇರಿ ಎಂದರೆ ಹೂವಿನ ಕೇರಿ, ಇಲ್ಲಿಯ ಗುಲಾಬಿ ವಿಜಯಪುರದ ಅರಮನೆಗೆ ಹೋಗುತ್ತಿತ್ತು ಎಂದು ಊರಿನವರು ಹೇಳುತ್ತಾರೆ. ಈ ಊರಿನ ಇನ್ನೊಂದು ಹೆಚ್ಚುಗಾರಿಕೆಯನ್ನು ಯಾವ ಪ್ರವಾಸಿಯೂ ನೋಡುವುದಿಲ್ಲ, ಅದು ತಂತಿಯೊಳಗಿರುತ್ತದೆ. 1969ರಲ್ಲಿ ದೇಶದಲ್ಲಿ ಪ್ರಯೋಗವಾಗಿ ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಕರೆಂಟು ಹೊಲದಲ್ಲೂ ಮನೆಯಲ್ಲೂ ಬಳಸುವವರೇ ಅದರ ಸದಸ್ಯರು. ದೀಪ ಹೋದಾಗ ಬೇರೆ ತಾಲ್ಲೂಕಿನವರಿಗೆ ಬೈಯಲು ಸರ್ಕಾರವಿದೆ. ಇಲ್ಲಿ ಷೇರುದಾರ ಕತ್ತಲಲ್ಲಿ ಕೂತು ತನ್ನನ್ನೇ ಬೈದುಕೊಳ್ಳಬೇಕು.

ಎರಡನೆಯ ದಿನ ನಸುಕಿನಲ್ಲಿ ಟಂಟಂ ಹಿಡಿದು ಜಲಪಾತಕ್ಕೆ ಹೋದೆ. ಜೋಳ ಸುಡುವವರು ಇನ್ನೂ ಬಂದಿರಲಿಲ್ಲ. ಘಟಪ್ರಭೆ ಕುದುರೆ ಲಾಳದ ಹಾಗೆ ಬಾಗಿದ ಬಂಡೆಯ ಅಂಚಿನಿಂದ, ಕೆಮ್ಮಣ್ಣು ಕಲಸಿದ ಬಣ್ಣದಲ್ಲಿ ಕೆಳಗೆ ಧುಮುಕುತ್ತಿತ್ತು. ಮೇಲ್ಗಡೆ 200 ಮೀಟರ್ ಉದ್ದದ ತೂಗುಸೇತುವೆ ತುಂತುರಿನಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ. ದಂಡೆಯಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, ಅದರ ಒದ್ದೆ ಕಲ್ಲು. 1887ರಲ್ಲಿ ಶುರುವಾದ ನೂಲಿನ ಗಿರಣಿ ಇದೇ ನೀರಿನ ಬಲದಿಂದ ತಿರುಗಿತು. ಅದರ ಕಟ್ಟಡಗಳು ಮಂಜಿನಲ್ಲಿ ಮುಳುಗಿದ್ದವು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತಿತ್ತು. ಟಿಪ್ಪಣಿ ಪುಸ್ತಕ ಚೀಲದಲ್ಲೇ ಉಳಿಯಿತು. ಒಂದು ತಾಸು ಸಾಕೆಂದು ಮ್ಯಾನೇಜರು ಹೇಳಿದ್ದರು. ಗಡಿಯಾರ ನೋಡಿದಾಗ ಮೂರಾಗಿತ್ತು, ತಾಸು.

ಹೊರಡುವಾಗ ಬಾಡಿಗೆ ಎಣಿಸಿಕೊಳ್ಳುತ್ತ ಅವರು ಕೇಳಿದರು: “ನೋಡಿದ್ರೇನ್ರಿ? ನೀರು ಭಾಳ ಅದಾವೇನು?”

“ಭಾಳ ಅದಾವ್ರಿ,” ಎಂದೆ.

“ನಾ ಈ ವರ್ಷ ಹೋಗೇ ಇಲ್ಲ ನೋಡ್ರಿ,” ಎನ್ನುತ್ತ ರಿಜಿಸ್ಟರ್ ಎಳೆದುಕೊಂಡು, ಎರಡು ದಿನದಿಂದ ಖಾಲಿಯಿದ್ದ ಕಾಲಮಿನಲ್ಲಿ ಬರೆದರು: ‘ನೀರು ನೋಡಾಕ.’

ವರದಿ ಎಂದಮೇಲೆ ಶಿಫಾರಸು ಇರಬೇಕು. ಒಂದೇ ಇದೆ: ಸಂಜೆಯ ಬಸ್ಸು ಬಿಡಿ, ಒಂದು ರಾತ್ರಿ ಉಳಿಯಿರಿ. ಬಸ್ ನಿಲ್ದಾಣದ ಕಡೆಯ ಕೋಣೆ ಬೇಡ, ಹಿಂದಿನದು ಕೇಳಿ. ಬೇಸಗೆಯಲ್ಲಿ ಹೋದರೆ ಬಂಡೆ ನೋಡಿ ಬರುತ್ತೀರಿ. ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಿ, ಆಗ ನೀರು ಇರ್ತಾವ.